ಡಿಸ್ಕೋ, ಬ್ಯಾಟರಿಯೋ?

ಕೆಲವು ಲ್ಯಾಪ್‌ಟಾಪ್ ಕಂಪನಿಗಳು ಒಂದೇ ಮಾದರಿಯ ಯಂತ್ರವನ್ನು ಎರಡು ಬಗೆಯಲ್ಲಿ ಮಾರುತ್ತವೆ ಎಂಬುದು ಕೊಳ್ಳುವವರಿಗೆ ಸಾಮಾನ್ಯವಾಗಿ ಗೊತ್ತಿರುವುದಿಲ್ಲ. ಕವಚ, ಪರದೆ, ಕೀಬೋರ್ಡ್ ಎಲ್ಲವೂ ಒಂದೇ. ಆದರೆ ಒಂದರ ಹೊಟ್ಟೆಯೊಳಗೆ ಮೂರು ಸೆಲ್ಲಿನ ಬ್ಯಾಟರಿಯೂ ಅದರ ಪಕ್ಕದಲ್ಲಿ ಎರಡೂವರೆ ಇಂಚಿನ ಹಾರ್ಡ್ ಡಿಸ್ಕೂ ಇದ್ದರೆ, ಇನ್ನೊಂದರಲ್ಲಿ ಡಿಸ್ಕಿನ ಜಾಗವನ್ನೂ ಸೇರಿಸಿಕೊಂಡು ನಾಲ್ಕು ಸೆಲ್ಲಿನ ಬ್ಯಾಟರಿ ಉದ್ದಕ್ಕೆ ಮಲಗಿರುತ್ತದೆ. ನಮ್ಮ ಮನೆಯ ಮಾದರಿಯಲ್ಲಿ ಸೆಲ್ಲೊಂದಕ್ಕೆ ಸುಮಾರು 14 ವ್ಯಾಟ್-ಅವರ್, ಅಂದರೆ 14 ವ್ಯಾಟನ್ನು ಒಂದು ಗಂಟೆ ಕೊಡುವಷ್ಟು ವಿದ್ಯುತ್ತಿನ ಲೆಕ್ಕ. ಮೂರಾದರೆ 42, ನಾಲ್ಕಾದರೆ 56. ಡಿಸ್ಕ್ ಬೇಕೆಂದವರು ಆ ಹದಿನಾಲ್ಕರ ಆಸೆ ಬಿಡಬೇಕು, ದೊಡ್ಡ ಬ್ಯಾಟರಿ ಬೇಕೆಂದವರು ಡಿಸ್ಕನ್ನು ಕೈಯಲ್ಲಿ ಹಿಡಿದುಕೊಂಡು ಮನೆಗೆ ಹೋಗಬೇಕು. ಮಂಡ್ಯದ ನಮ್ಮ ಮನೆಗೆ ಈ ಸಂಗತಿ ತಿಳಿದ ದಿನದಿಂದ ಮನೆಯಲ್ಲಿ ಎರಡು ಪಕ್ಷಗಳಾದುವು.

ಬ್ಯಾಟರಿಯ ಪರವಾಗಿ ನಿಂತವಳು ನನ್ನ ಹೆಂಡತಿ. ಅವಳು ಸಂಜೆ ಆರರಿಂದ ಎಂಟರವರೆಗೆ ಎಸ್ಸೆಸ್ಸೆಲ್ಸಿ ಮಕ್ಕಳಿಗೆ ಆನ್‌ಲೈನಿನಲ್ಲಿ ಗಣಿತದ ಪಾಠ ಹೇಳುತ್ತಾಳೆ; ನಮ್ಮ ಬೀದಿಯಲ್ಲಿ ಕರೆಂಟು ಹೋಗುವುದಕ್ಕೂ ಅದೇ ಮುಹೂರ್ತ. 1902ರಲ್ಲಿಯೇ ನಮ್ಮ ಶಿವನಸಮುದ್ರದಲ್ಲಿ ವಿದ್ಯುತ್ತು ತಯಾರಾಗಿ ನೂರು ಕಿಲೋಮೀಟರಿಗೂ ಆಚೆಯ ಕೋಲಾರದ ಚಿನ್ನದ ಗಣಿಗೆ ಹೋಗುತ್ತಿತ್ತೆಂದು ನಾನು ಇಂಥ ಸಂದರ್ಭಗಳಲ್ಲಿ ಜ್ಞಾಪಿಸುವುದುಂಟು. "ಅಲ್ಲಿಗೆ ಹೋದದ್ದು ಇನ್ನೂ ವಾಪಸ್ಸು ಬಂದಿಲ್ಲ ಕಣ್ರೀ" ಎಂದು ಕತ್ತಲೆ ಕೋಣೆಯೊಳಗಿನಿಂದ ಉತ್ತರ ಬರುತ್ತದೆ. ಹಳೆಯ ಬ್ಯಾಟರಿಗೆ ವಯಸ್ಸಾಗಿ, ಶೇಕಡಾ 40 ಇದೆಯೆಂದು ತೋರಿಸುತ್ತಿರುವಾಗಲೇ ಪರದೆ ಕಪ್ಪಾಗುತ್ತಿತ್ತು. "ವಿಕರ್ಣದ ಮೇಲಿನ ವರ್ಗವು" ಎಂಬಲ್ಲಿಗೆ ಪಾಠ ನಿಂತರೆ, ಅದು ಯಾವುದಕ್ಕೆ ಸಮವೆಂಬುದು ಮಕ್ಕಳಿಗೆ ಮರುದಿನದವರೆಗೂ ತಿಳಿಯುತ್ತಿರಲಿಲ್ಲ.

ಡಿಸ್ಕಿನ ಪರ ನಾನು ಮತ್ತು ಪಾಂಡವಪುರದ ನಮ್ಮ ಮಾವನವರು. ಅವರ ಮನೆಯ ಗೃಹಪ್ರವೇಶ, ಮೂವರು ಮಕ್ಕಳ ಮದುವೆ, ಮೊಮ್ಮಕ್ಕಳ ನಾಮಕರಣ ಎಲ್ಲದರ ವೀಡಿಯೊ ಇರುವುದು ಈ ಲ್ಯಾಪ್‌ಟಾಪಿನಲ್ಲಿಯೇ. ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿರುವ ಮಗಳು ಯಾವ ಪಕ್ಷಕ್ಕೂ ಸೇರದೆ, ಭಾನುವಾರಗಳಂದು ಬಂದು ಎರಡೂ ಕಡೆಯವರಿಗೆ ಬುದ್ಧಿ ಹೇಳಿ ಸೋಮವಾರದ ರೈಲಿಗೆ ಹೊರಟುಬಿಡುತ್ತಿದ್ದಳು.

ರಿಪೇರಿ ಅಂಗಡಿ ಇರುವುದು ನೂರಡಿ ರಸ್ತೆಯ ಒಂದು ಮಹಡಿಯ ಮೇಲೆ. ಅಲ್ಲಿನ ಹುಡುಗ ಲ್ಯಾಪ್‌ಟಾಪನ್ನು ಕವುಚಿ ಹಾಕಿ, ತಿರುಪುಗಳನ್ನು ಬಿಚ್ಚಿ, ಹಳೆಯ ಎಟಿಎಂ ಕಾರ್ಡೊಂದನ್ನು ಅಂಚಿಗೆ ತೂರಿಸಿ ಟಪಟಪನೆ ಮುಚ್ಚಳ ಎಬ್ಬಿಸಿದ. ಒಳಗೆ ಫ್ಯಾನಿನ ಬಾಯಿಗೆ ಧೂಳು ಕಂಬಳಿಯಾಗಿ ಕಟ್ಟಿತ್ತು. ಕೀಬೋರ್ಡಿನ ಸಂದಿಯಿಂದ ಇಳಿದಿದ್ದ ಬಿಳಿ ಎಳ್ಳು ಸಂಕ್ರಾಂತಿಯ ಗುರುತಾಗಿ ಅಲ್ಲಲ್ಲಿ ಕೂತಿತ್ತು. ಅವನು ಬ್ಯಾಟರಿಯನ್ನು ತೆಗೆದು ಗಾಜಿನ ಕೌಂಟರಿನ ಮೇಲಿಟ್ಟು ಒಂದು ಬೆರಳಿನಿಂದ ಮುಟ್ಟಿದ. ಅದು ಅತ್ತಿಂದಿತ್ತ ತೂಗಾಡಿತು. "ಉಬ್ಬೈತೆ ಸಾರ್. ಟಚ್‌ಪ್ಯಾಡ್ ಒತ್ತಿದ್ರೆ ಕ್ಲಿಕ್ ಆಯ್ತಿರ್ನಿಲ್ಲ ಅಲ್ವಾ?" ಎಂದು ಕೇಳಿದ. ಆಗುತ್ತಿರಲಿಲ್ಲ ನಿಜ. ಲಿಥಿಯಂ ಅಯಾನ್ ಸೆಲ್ಲುಗಳು ಹಳತಾದಾಗ ಒಳಗೆ ಅನಿಲ ಸೇರಿ ಹೀಗೆ ಉಬ್ಬಿ, ಮೇಲಿರುವ ಟಚ್‌ಪ್ಯಾಡನ್ನು ಒತ್ತುತ್ತವೆ. ಅಂಥದ್ದನ್ನು ಚುಚ್ಚುವುದಾಗಲಿ ಒತ್ತಿ ಮಟ್ಟ ಮಾಡುವುದಾಗಲಿ ಬೆಂಕಿಗೆ ಕರೆ ಕೊಟ್ಟಂತೆ. ಬ್ಯಾಟರಿಯ ಪಕ್ಕದಲ್ಲಿ ತಗಡಿನ ಚೌಕಟ್ಟಿನೊಳಗೆ ಡಿಸ್ಕು ಇತ್ತು. ಅವನು ಅದರತ್ತ ಸ್ಕ್ರೂಡ್ರೈವರ್ ತೋರಿಸಿ, "ಇದನ್ನ ತೆಗುದ್ರೆ ದೊಡ್ಡ ಬ್ಯಾಟ್ರಿ ಕೂರ್ತದೆ, ಏನ್ ಮಾಡನ?" ಎಂದ. ನಾನು ಹೆಂಡತಿಯ ಮುಖ ನೋಡಿದೆ, ಅವಳು ನನ್ನ ಮುಖ ನೋಡಲಿಲ್ಲ.

ಮಗಳು ಫೋನಿನಲ್ಲಿ ಹೇಳಿದ ಲೆಕ್ಕ ಹೀಗಿತ್ತು. ಪಾಠ ಮಾಡುವಾಗ ಲ್ಯಾಪ್‌ಟಾಪು ಸರಾಸರಿ 10 ವ್ಯಾಟ್ ಎಳೆಯುತ್ತದೆಂದು ಹಿಡಿದರೆ, ಹೊಸ 42ರ ಬ್ಯಾಟರಿ ನಾಲ್ಕು ಗಂಟೆಯ ಮೇಲೆ ಬರುತ್ತದೆ, 56ರದು ಐದೂವರೆ ಗಂಟೆ. ಡಿಸ್ಕಿನ ತಟ್ಟೆ ನಿಮಿಷಕ್ಕೆ 5,400 ಸುತ್ತು ತಿರುಗಬೇಕಾದ್ದರಿಂದ, ಕೆಲಸದಲ್ಲಿರುವಾಗ ಅದು ಒಂದೆರಡು ವ್ಯಾಟ್ ತಾನೇ ತಿನ್ನುತ್ತದೆ. ಅದೇ ಜಾಗಕ್ಕೆ ಅದೇ ಅಳತೆಯ ಎಸ್‌ಎಸ್‌ಡಿ, ಅಂದರೆ ತಟ್ಟೆಯ ಬದಲು ಚಿಪ್ಪುಗಳಲ್ಲಿ ಬರೆದಿಡುವ ಡಿಸ್ಕು, ಅದರಲ್ಲೂ ಸಾಟಾ ಎಂಬ ಹಳೆಯ ಬಗೆಯ ಜೋಡಣೆಯದು ಹಾಕಿದರೆ ತಿರುಗುವ ಭಾಗವೇ ಇಲ್ಲದ್ದರಿಂದ ಖರ್ಚೂ ಕಡಿಮೆ, ಸೆಕೆಂಡಿಗೆ ನೂರು ಚಿಲ್ಲರೆ ಎಂಬಿ ಓದುತ್ತಿದ್ದ ಕಡೆ 550ರವರೆಗೆ ಓದುತ್ತದೆ. ಆದರೆ ಬ್ಯಾಟರಿ ಮಾತ್ರ 42ರಲ್ಲಿಯೇ ನಿಲ್ಲುತ್ತದೆ. ಜಾಗವನ್ನೇ ಕೇಳದ ಮೂರನೆಯ ದಾರಿ ಎಂ.2 ಕಾರ್ಡೆಂಬ ಪುಟ್ಟ ಎಸ್‌ಎಸ್‌ಡಿ: 22 ಮಿಲಿಮೀಟರ್ ಅಗಲ, 80 ಮಿಲಿಮೀಟರ್ ಉದ್ದ, ತೂಕವೆಂಬುದು ಇಲ್ಲವೇ ಇಲ್ಲ ಎನ್ನುವಷ್ಟು. ಅದು ಮದರ್‌ಬೋರ್ಡಿನ ಮೇಲೆಯೇ ಒಂದು ಸ್ಲಾಟಿನಲ್ಲಿ ಕೂರುತ್ತದೆ. ಎನ್‌ವಿಎಂಇ ಎಂಬ, ಸಾಟಾಕ್ಕಿಂತ ವೇಗದ ಹೊಸ ಜಾತಿಯದಾದರೆ ಸೆಕೆಂಡಿಗೆ 3,500 ಎಂಬಿಯವರೆಗೂ ಓದುತ್ತದೆ. ಅಷ್ಟು ವೇಗ ಗಣಿತದ ಮೇಡಂಗೂ ಬೇಡ, ಬಾಡಿಗೆ ಕರಾರು ಟೈಪ್ ಮಾಡುವ ನನಗೂ ಬೇಡ. ಆದರೆ ಬೇಡವೆಂದರೂ ಬೆಲೆಯಲ್ಲಿ ಹೆಚ್ಚು ವ್ಯತ್ಯಾಸವಾಗುವುದಿಲ್ಲವೆಂದ ಮೇಲೆ ಇರಲಿ ಎನ್ನದವರು ಯಾರು?

ಇಷ್ಟಕ್ಕೆ ಮುಗಿಯಬೇಕಾಗಿತ್ತು. ಆದರೆ ಡಿಸ್ಕು ಹೊರಗೆ ಬರುತ್ತದೆಂಬ ಸುದ್ದಿ ಪಾಂಡವಪುರಕ್ಕೆ ತಲುಪಿ, ಮಾವನವರು ಮೊದಲ ಬಸ್ಸಿಗೆ ಬಂದಿಳಿದರು. ಬಂದವರು ಡಿಸ್ಕಿನಲ್ಲಿ ಏನೇನಿದೆ ತೋರಿಸಿ ಎಂದರು. ತೋರಿಸುವಾಗ ಅವರ ಕಣ್ಣು ಕೊನೆಯಲ್ಲಿದ್ದ ಅಂಕಿಯ ಮೇಲೆ ಬಿತ್ತು. ಒಂದು ಟಿಬಿ, ಅಂದರೆ ಸಾವಿರ ಜಿಬಿ ಎಂದು ಹೇಳಿ ಕೊಂಡ ಡಿಸ್ಕು 931 ಎಂದು ತೋರಿಸುತ್ತಿತ್ತು. ಜೀವಮಾನವೆಲ್ಲ ಕಬ್ಬು ತೂಗಿಸಿ ಬಂದ ಮನುಷ್ಯ. ಅರವತ್ತೊಂಬತ್ತು ಎಲ್ಲಿ ಹೋಯಿತೆಂದು ಕೇಳಿದರು. ತಯಾರಕರು ಸಾವಿರಕ್ಕೆ ಸಾವಿರ ಗುಣಿಸಿ ಲೆಕ್ಕ ಹಾಕುತ್ತಾರೆ, ವಿಂಡೋಸು 1,024ರ ಲೆಕ್ಕದಲ್ಲಿ ತೋರಿಸುತ್ತದೆ, ಬೈಟುಗಳು ಅಷ್ಟೇ ಇವೆ, ಒಂದೂ ಕಡಿಮೆಯಾಗಿಲ್ಲ ಎಂದು ನಾನು ಸಾವಧಾನವಾಗಿ ವಿವರಿಸಿದೆ. ಅವರು ಪೂರ್ತಿ ಕೇಳಿಸಿಕೊಂಡು, "ಎಲ್ಡು ಅಳ್ತೆ ಮಡೀಕಂಡಿರವ್ರು ಕೊಡಾಗ ಚಿಕ್ಕುದ್ರಲ್ಲೇ ಕೊಡದು ಅಳಿಯಂದ್ರೇ" ಎಂದರು. ಆಮೇಲೆ ಅದರ ಬಗ್ಗೆ ಯೋಚಿಸಿದಾಗಲೆಲ್ಲ ಈ ಉದ್ಯಮವನ್ನು ಇಷ್ಟು ಚೊಕ್ಕವಾಗಿ ಅರ್ಥ ಮಾಡಿಕೊಂಡವರು ಇನ್ನೊಬ್ಬರಿಲ್ಲವೆಂದೇ ನನಗನ್ನಿಸಿದೆ.

ಡಿಸ್ಕಿನೊಳಗಿನದನ್ನು ಕಂಡಾಗ ನಮ್ಮ ಪಕ್ಷದ ವಾದ ಸ್ವಲ್ಪ ಸಡಿಲವಾಯಿತೆಂಬುದನ್ನು ಇಲ್ಲಿ ದಾಖಲಿಸಬೇಕು. ಗೃಹಪ್ರವೇಶದ ವೀಡಿಯೊ ಒಂದಲ್ಲ, "ಗೃಹಪ್ರವೇಶ", "ಗೃಹಪ್ರವೇಶ ಹೊಸದು", "ಗೃಹಪ್ರವೇಶ ಫೈನಲ್" ಎಂಬ ಮೂರು ಫೋಲ್ಡರುಗಳಲ್ಲಿತ್ತು. ಮೂರರಲ್ಲೂ ಅದೇ ಹಸು ಅದೇ ಹೊಸಿಲ ಬಳಿ ಒಳಗೆ ಬರಲೊಲ್ಲೆನೆಂದು ನಿಂತಿತ್ತು. ವಿಂಡೋಸನ್ನು ಹೊಸ ಆವೃತ್ತಿಗೆ ಏರಿಸಿದಾಗ ಹಳೆಯದನ್ನು ಒಂದು ಫೋಲ್ಡರಿನಲ್ಲಿ ಎತ್ತಿಡುವ ಪದ್ಧತಿಯಿದೆ. ಅದಕ್ಕೇ ಹಲವು ಜಿಬಿ ಹೋಗುತ್ತದೆ. ಯಂತ್ರ ಗಾಢನಿದ್ರೆಗೆ ಹೋಗುವಾಗ ಮೆಮೊರಿಯಲ್ಲಿರುವುದನ್ನು ಬರೆದಿಡುವ ಕಡತಕ್ಕೆ ಇನ್ನಷ್ಟು ಜಿಬಿ. ಉಳಿದದ್ದರಲ್ಲಿ ಬಹುಪಾಲು, ಸೂರ್ಯೋದಯದ ಚಿತ್ರದ ಮೇಲೆ ಶುಭೋದಯ ಎಂದು ಬರೆದಿರುವ ವಾಟ್ಸಾಪಿನ ಚಿತ್ರಗಳು. ಇವನ್ನು ಅಳಿಸೋಣವೆಂದರೆ ಮಾವನವರು ಒಪ್ಪಲಿಲ್ಲ, ಅವುಗಳಲ್ಲಿ ಹಲವನ್ನು ಕಳಿಸಿದ್ದವರು ಅವರೇ.

ಎಲ್ಲವನ್ನೂ ಕ್ಲೌಡಿಗೆ ಹಾಕಿಬಿಡಿ ಎಂದು ಸಲಹೆ ಕೊಟ್ಟವರಿಗೆ ಹೆಂಡತಿಯೇ ಲೆಕ್ಕ ಮಾಡಿ ತೋರಿಸಿದಳು: ಅಪ್‌ಲೋಡ್ ವೇಗ ಸೆಕೆಂಡಿಗೆ 10 ಮೆಗಾಬಿಟ್ ಇದ್ದರೆ ಒಂದು ಟಿಬಿ ಮೇಲೇರಲು ಹಗಲೂ ರಾತ್ರಿಯೂ ಸೇರಿ ಒಂಬತ್ತು ದಿನಕ್ಕಿಂತ ಹೆಚ್ಚು ಬೇಕು, ಅದೂ ಮಧ್ಯದಲ್ಲಿ ಒಮ್ಮೆಯೂ ಕರೆಂಟು ಹೋಗದಿದ್ದರೆ. ಡಿಸ್ಕಿಗೆ ಯುಎಸ್‌ಬಿ ಕೇಸು ಹಾಕಿ ಹೊರಗಿನಿಂದ ಚುಚ್ಚಿಕೊಳ್ಳಬಹುದು. ಅದಕ್ಕೂ ಕರೆಂಟು ಬರುವುದು ಲ್ಯಾಪ್‌ಟಾಪಿನ ಬ್ಯಾಟರಿಯಿಂದಲೇ, ಆದರೆ ಬೇಡದಾಗ ಕಿತ್ತಿಡಬಹುದೆಂಬುದು ಅದರ ಗುಣ. ಮನೆಯ ಇನ್ವರ್ಟರ್ ಯಾಕಿದೆ ಎಂದೂ ಕೆಲವರು ಕೇಳಿದರು. ಮೆಟ್ಟಿಲ ಕೆಳಗಿರುವ ಅದರ 12 ವೋಲ್ಟ್, 150 ಆಂಪಿಯರ್-ಅವರ್ ಬ್ಯಾಟರಿಯಲ್ಲಿ ಲೆಕ್ಕದ ಪ್ರಕಾರ 1,800 ವ್ಯಾಟ್-ಅವರ್ ಇದೆ. ನಮ್ಮ 56 ಅದರ ಮುಂದೆ ಯಾವ ಮೂಲೆ? ಆದರೆ ಆ ಲೈನು ಇರುವುದು ನಡುಮನೆಗೆ ಮಾತ್ರ. ನಡುಮನೆಯಲ್ಲಿ ಆರರಿಂದ ಎಂಟರವರೆಗೆ ಅಮ್ಮನ ಧಾರಾವಾಹಿಗಳು. ಅಲ್ಲಿ ಕೂತು ತ್ರಿಕೋನಮಿತಿ ಹೇಳಿಕೊಟ್ಟರೆ ಅತ್ತೆಸೊಸೆಯರ ಜಗಳ ಟಿವಿಯೊಳಗೆ ಮಾತ್ರ ನಿಲ್ಲುವುದಿಲ್ಲ.

ಕಡೆಗೆ ಆದದ್ದು ಹೆಂಡತಿಯ ಇಷ್ಟದಂತೆಯೇ, ಮತ್ತು ವಾದವೂ ಅವಳ ಕಡೆಗೇ ಇತ್ತು. ಡಿಸ್ಕನ್ನು ಹೊರಗಿಟ್ಟುಕೊಂಡರೂ ಅದು ಡಿಸ್ಕೇ; ನಾಲ್ಕನೆಯ ಸೆಲ್ಲನ್ನು ಹೊರಗಿಟ್ಟುಕೊಂಡು ಪಾಠ ಮಾಡಲಾಗುವುದಿಲ್ಲ. ಮಾವನವರು ಮುನಿಸು ತೋರಿಸದೆ, ಮೈಸೂರಿಗೆ ಹೋಗಿದ್ದಾಗ ತಾವೇ ಒಂದು ಎಂ.2 ಕಾರ್ಡನ್ನು ಚೌಕಾಸಿ ಮಾಡಿ ತಂದುಕೊಟ್ಟರು. ಅದು ಸ್ಲಾಟಿನಲ್ಲಿ ಸಲೀಸಾಗಿ ಕೂತಿತು. ಆದರೆ ಲ್ಯಾಪ್‌ಟಾಪಿಗೆ ಅದು ಕಾಣಿಸಲೇ ಇಲ್ಲ. ಹುಡುಗ ಅದನ್ನು ಕಿತ್ತು ಬೆಳಕಿಗೆ ಹಿಡಿದು, ಚಿನ್ನದ ಬಣ್ಣದ ಹಲ್ಲುಗಳ ಸಾಲಿನಲ್ಲಿ ಎರಡು ಕಚ್ಚುಗಳಿರುವುದನ್ನು ತೋರಿಸಿದ. ಸಾಮಾನ್ಯವಾಗಿ ಎರಡು ಕಚ್ಚಿದ್ದರೆ ಅದು ಸಾಟಾ, ಒಂದೇ ಇದ್ದರೆ ಎನ್‌ವಿಎಂಇ. ಈ ಸ್ಲಾಟಿಗೆ ಒಂದೇ ಕಚ್ಚಿನದು ಬೇಕಿತ್ತು. ಎರಡಿರುವುದು ಹೆಚ್ಚಿನದಲ್ಲವೇ ಎಂದು ಮಾವನವರು ಕೇಳಿದ್ದಕ್ಕೆ ಯಾರೂ ಉತ್ತರ ಕೊಡಲಿಲ್ಲ. ಬದಲಾಯಿಸಿ ತಂದ ಕಾರ್ಡಿಗೆ ಬಿಗಿಯಲು ತಿರುಪೇ ಇರಲಿಲ್ಲ, ಏಕೆಂದರೆ ಡಿಸ್ಕ್ ಇಟ್ಟು ಮಾರಿದ ಯಂತ್ರದಲ್ಲಿ ಕಂಪನಿಯವರು ಆ ತಿರುಪನ್ನು ಹಾಕಿರಲಿಲ್ಲ. ಹುಡುಗ ಮೈಸೂರುಪಾಕಿನ ಹಳೆಯ ಡಬ್ಬವೊಂದನ್ನು ಕೌಂಟರಿನ ಮೇಲೆ ಸುರಿದು, ನೂರಾರು ತಿರುಪುಗಳ ನಡುವೆ ಕೆದಕಿ, ಎಳ್ಳಿಗಿಂತ ಸ್ವಲ್ಪ ದೊಡ್ಡದಾದ ಒಂದನ್ನು ಅಯಸ್ಕಾಂತದ ತುದಿಗೆ ಅಂಟಿಸಿ ಎತ್ತಿದ. ಆಮೇಲೆ ನಾಲ್ಕು ಸೆಲ್ಲಿನ ಬ್ಯಾಟರಿ ತನ್ನ ಜಾಗದಲ್ಲಿ ಅಡ್ಡಡ್ಡಲಾಗಿ ಕೂತಿತು. ಡಿಸ್ಕು ಕಪ್ಪು ಕೇಸಿನೊಳಗೆ ಮಾವನವರ ಜುಬ್ಬದ ಜೇಬು ಸೇರಿ ಪಾಂಡವಪುರಕ್ಕೆ ಹೋಯಿತು. ಅಲ್ಲಿ ಅದನ್ನು ಚುಚ್ಚಿ ನೋಡಲು ಕಂಪ್ಯೂಟರಿಲ್ಲ. ಅತ್ತೆಯವರು ಅದನ್ನು ಬೀರುವಿನಲ್ಲಿ ರೇಷ್ಮೆ ಸೀರೆಗಳ ನಡುವೆ, ನುಸಿಗುಳಿಗೆಗಳ ಜೊತೆ ಭದ್ರವಾಗಿ ಇಟ್ಟಿದ್ದಾರೆ.

ಹೊಸ ಬ್ಯಾಟರಿ ಬಂದ ಮೇಲೆ ಕರೆಂಟು ಮೊದಲು ಹೋದದ್ದು ಬೀಜಗಣಿತದ ಮಧ್ಯೆ. ನಾವೆಲ್ಲ ಕೋಣೆಯ ಬಾಗಿಲಲ್ಲಿ ನಿಂತು ನೋಡಿದೆವು: ಪರದೆ ಒಂದು ಕ್ಷಣ ಮಂಕಾಗಿ ಮತ್ತೆ ನಿಂತಿತು, ಶೇಕಡಾ 97, ಇನ್ನೂ ಐದು ಗಂಟೆ ಬರುತ್ತದೆಂದು ಮೂಲೆಯಲ್ಲಿ ತೋರಿಸುತ್ತಿತ್ತು. ಆದರೆ ಅದರೊಳಗಿದ್ದ ಮಕ್ಕಳ ಮುಖಗಳು ಅಲುಗಾಡುವುದನ್ನು ಬಿಟ್ಟು ಒಂದೊಂದಾಗಿ ಮಾಯವಾದುವು. ಅದೇ ಕೋಣೆಯ ಪ್ಲಗ್ಗಿನಿಂದ ಕರೆಂಟು ಪಡೆಯುವ ವೈ-ಫೈ ರೌಟರು ಕರೆಂಟಿನ ಜೊತೆಯಲ್ಲಿಯೇ ಹೋಗಿತ್ತು. ಇಷ್ಟು ವರ್ಷ ಲ್ಯಾಪ್‌ಟಾಪೇ ಕಣ್ಣುಮುಚ್ಚಿಬಿಡುತ್ತಿದ್ದುದರಿಂದ ರೌಟರಿನ ಗತಿ ಏನಾಗುತ್ತಿತ್ತೆಂದು ತಿರುಗಿ ನೋಡುವ ಸಂದರ್ಭ ಯಾರಿಗೂ ಒದಗಿರಲಿಲ್ಲ. ಹೆಂಡತಿ ತನ್ನ ಮೊಬೈಲಿನ ಹಾಟ್‌ಸ್ಪಾಟ್ ಹಾಕಲು ಹೊರಟಳು. ಅದರ ಚಾರ್ಜು ಶೇಕಡಾ 6ಕ್ಕೆ ಇಳಿದಿತ್ತು. ಚಾರ್ಜರಿನ ತಂತಿಯನ್ನು ಲ್ಯಾಪ್‌ಟಾಪಿಗೆ ಚುಚ್ಚಿ, ಐದೂವರೆ ಗಂಟೆಯ ಬ್ಯಾಟರಿಯಿಂದ ಮೊಬೈಲಿಗೂ, ಮೊಬೈಲಿನಿಂದ ಲ್ಯಾಪ್‌ಟಾಪಿಗೆ ಇಂಟರ್‌ನೆಟ್ಟಿಗೂ ದಾರಿ ಮಾಡಿಕೊಂಡು ಪಾಠ ಮುಂದುವರಿಯಿತು. ಮರುದಿನ ಬಂದ ಎಲೆಕ್ಟ್ರಿಷಿಯನ್ ರೌಟರಿಗೆ ಇನ್ವರ್ಟರಿನಿಂದ ಲೈನು ಎಳೆಯಲು ಗೋಡೆ ಒಡೆಯಬೇಕಾಗುತ್ತದೆಂದು ಹೇಳಿ, ಅದಕ್ಕಿಂತ ರೌಟರಿಗೆಂದೇ ಬರುವ ಪುಟ್ಟ ಯುಪಿಎಸ್ ತಂದುಕೊಳ್ಳುವುದು ಮೇಲು ಎಂದ. ಅದು ಎಷ್ಟು ವ್ಯಾಟ್-ಅವರಿನದಿರಬೇಕೆಂದು ಹೆಂಡತಿ ಲೆಕ್ಕ ಹಾಕುತ್ತಿದ್ದಾಳೆ.