ಸಿಂಗಲ್ ಲೈನ್ ಕಂಪ್ಲೇಂಟು

ನಮ್ಮಪ್ಪ ತಿಪಟೂರಿನಲ್ಲಿ ಇಪ್ಪತ್ತೆಂಟು ವರ್ಷ ಟಿವಿ ರಿಪೇರಿ ಅಂಗಡಿ ಇಟ್ಟಿದ್ದರು. ಹತ್ತಡಿ ಅಗಲದ ಮಳಿಗೆ. ಕಾಲಿಟ್ಟರೆ ಸೋಲ್ಡರಿಂಗ್ ಪೇಸ್ಟಿನ ಹೊಗೆ, ಗೋಡೆಗುಂಟ ಬೆನ್ನು ಬಿಚ್ಚಿಕೊಂಡು ಕೂತ ಸೆಟ್ಟುಗಳು. ಗಿರಾಕಿಗಳು ಕಂಪ್ಲೇಂಟು ಹೇಳುವುದನ್ನು ಕೇಳುವುದೇ ನನಗೊಂದು ಮಜಾ. "ಸೌಂಡ್ ಐತೆ, ಬೊಂಬೆ ಇಲ್ಲ", "ಇರುವೆ ಮುತ್ಕೊಂಡೈತೆ", "ಬರೀ ಒಂದು ಗೆರೆ ಬತ್ತಾ ಐತೆ ಸ್ವಾಮಿ". ಕೊನೆಯದಕ್ಕೆ ಅಪ್ಪ ಸೆಟ್ ಬಿಚ್ಚುವ ಮೊದಲೇ ರೇಟು ಹೇಳಿಬಿಡುತ್ತಿದ್ದರು. ಪರದೆಯ ನಟ್ಟನಡುವೆ ಅಡ್ಡಕ್ಕೆ ಒಂದೇ ಒಂದು ಬೆಳ್ಳನೆ ಗೆರೆ ನಿಂತರೆ ವರ್ಟಿಕಲ್ ಸೆಕ್ಷನ್ ಹೋಗಿದೆ ಎಂದೇ ಲೆಕ್ಕ. ಚಿತ್ರ ಬರೆಯುವ ಬೆಳಕಿನ ಚುಕ್ಕಿಯನ್ನು ಎಡದಿಂದ ಬಲಕ್ಕೆ ಎಳೆಯುವ ಸರ್ಕ್ಯೂಟು ಬದುಕಿದೆ, ಮೇಲಿಂದ ಕೆಳಕ್ಕೆ ಎಳೆಯುವುದು ಸತ್ತಿದೆ. ಒಂದೋ ಡ್ರೈ ಸೋಲ್ಡರ್, ಅಂದರೆ ಬಿಟ್ಟುಕೊಂಡ ಬೆಸುಗೆ, ಇಲ್ಲವೇ ಐಸಿ ಎಂಬ ಚಿಪ್ಪು. ಎಲ್‌ಎ 7840 ಅನ್ನುವ ಆ ಐಸಿಯ ನಂಬರು ನನಗೆ ಹದಿನೇಳರ ಮಗ್ಗಿಗಿಂತ ಮೊದಲು ಬಾಯಿಗೆ ಬಂದಿತ್ತು.

ಇದೇ ಕಂಪ್ಲೇಂಟಿನ ಒಂದು ಟಿವಿ ಆಧುನಿಕ ಕಲೆಯ ಚರಿತ್ರೆಯಲ್ಲಿದೆ ಎಂದು ನನಗೆ ಗೊತ್ತಾಗಿದ್ದು ಮೂವತ್ತು ದಾಟಿದ ಮೇಲೆ. 1963ರಲ್ಲಿ ಜರ್ಮನಿಯ ವುಪ್ಪರ್ಟಾಲ್ ಎಂಬ ಊರಿನ ಗ್ಯಾಲರಿ ಪಾರ್ನಾಸ್‌ನಲ್ಲಿ ಕೊರಿಯಾದ ಕಲಾವಿದ ನಾಮ್ ಜೂನ್ ಪೈಕ್ ತನ್ನ ಮೊದಲ ಏಕವ್ಯಕ್ತಿ ಪ್ರದರ್ಶನ ಇಟ್ಟ. ಹದಿಮೂರು ಸೆಕೆಂಡ್‌ಹ್ಯಾಂಡ್ ಟಿವಿಗಳು, ಒಳಗಿನ ವೈರಿಂಗ್‌ಗೆಲ್ಲ ಕೈಯಾಡಿಸಿ ಚಿತ್ರ ತಿರುಚುವಂತೆ ಮಾಡಿದ್ದ. ಅದರಲ್ಲೊಂದು ಸೆಟ್ ಕೆಟ್ಟು ಬರೀ ಗೆರೆ ಬರುತ್ತಿತ್ತು. ಪೈಕ್ ಅದನ್ನು ರಿಪೇರಿಗೂ ಕೊಡಲಿಲ್ಲ, ಆಚೆಗೂ ಹಾಕಲಿಲ್ಲ. ಪಕ್ಕಕ್ಕೆ ಹೊರಳಿಸಿ ನಿಲ್ಲಿಸಿದ. ಅಡ್ಡಗೆರೆ ನೆಟ್ಟಗೆ ನಿಂತುಕೊಂಡಿತು. 'ಝೆನ್ ಫಾರ್ ಟಿವಿ' ಎಂದು ಹೆಸರಿಟ್ಟ, ಝೆನ್ ಅಂದರೆ ಧ್ಯಾನಕ್ಕೆ ಒತ್ತು ಕೊಡುವ ಬೌದ್ಧ ಪಂಥ.

ಇದನ್ನು ಅಪ್ಪನಿಗೆ ಹೇಳಿದೆ. ನಗುತ್ತಾರೇನೋ ಅಂದುಕೊಂಡಿದ್ದೆ. "ಅರವತ್ಮೂರಾ? ವಾಲ್ವ್ ಸೆಟ್ಟು ಕಣಮ್ಮ ಅದು, ಐಸಿ ಎಲ್ಲಿ ಬರಬೇಕು" ಅಂದರು. ಆಮೇಲೆ ಒಂದು ನಿಮಿಷ ಬಿಟ್ಟು, "ದಿನಾ ಅಷ್ಟೊತ್ತು ಒಂದೇ ಗೆರೆ ನಿಲ್ಸಿದ್ರೆ ಅಲ್ಲೇ ಟ್ಯೂಬ್ ಸುಟ್ಟೋಗುತ್ತಲ್ಲ, ಬ್ರೈಟ್‌ನೆಸ್ ಇಳ್ಸಿದ್ರೋ ಇಲ್ವೋ?" ಝೆನ್ ಬಗ್ಗೆ ಪುಟಗಟ್ಟಲೆ ಬರೆದಿರುವುದನ್ನು ಓದಿದ್ದೇನೆ. ಗೆರೆ ಬೀಳುವ ಜಾಗದಲ್ಲಿ ಫಾಸ್ಫರ್, ಅಂದರೆ ಪರದೆಯ ಒಳಬದಿಯ ಹೊಳೆಯುವ ಲೇಪ, ಸುಡುತ್ತದೆ ಎಂಬ ಚಿಂತೆ ನನಗೆ ಮೊದಲು ಕೇಳಿಸಿದ್ದು ತಿಪಟೂರಿನಿಂದ.

ಈ ಪೋಸ್ಟ್ ಬರೆಯಲು ಕಾರಣ ಬೇರೆ. ಕೆಲವು ತಿಂಗಳ ಹಿಂದೆ ಒಬ್ಬ ಹುಡುಗ, ಕಲಾವಿದನಂತೆ, ಯಾರಿಂದಲೋ ವಿಳಾಸ ಪಡೆದು ಬೆಂಗಳೂರಿಂದ ಕಾರು ಮಾಡಿಕೊಂಡು ಅಪ್ಪನ ಹತ್ತಿರ ಬಂದಿದ್ದ. ಹಳೇ ಟಿವಿ ಬೇಕಿತ್ತು, ಆರು. ಅಂಗಡಿ ಮುಚ್ಚಿ ವರ್ಷಗಳಾದರೂ ಅಪ್ಪ ಹಿತ್ತಲ ಶೆಡ್ಡಿನಲ್ಲಿ ಹದಿನೈದಿಪ್ಪತ್ತು ಸೆಟ್ ಇಟ್ಟುಕೊಂಡಿದ್ದಾರೆ, ಅಮ್ಮನ ಬೈಗುಳ ತಿಂದುಕೊಂಡೇ. ಅಪ್ಪನಿಗೆ ಖುಷಿಯೋ ಖುಷಿ. ಒಂದು ವಾರ ಟೈಮ್ ಕೊಡಪ್ಪ, ಆರೂ ಓಡೋ ಹಂಗೆ ಮಾಡ್ಕೊಡ್ತೀನಿ ಅಂದರಂತೆ. ಹುಡುಗ, "ಓಡೋದೇನೂ ಬೇಡ ಅಂಕಲ್, ಲುಕ್ ಇದ್ರೆ ಸಾಕು. ಒಳಗಡೆ ಎಲ್ಲಾ ಕಿತ್ಬಿಡಿ, ಎಲ್‌ಇಡಿ ಸ್ಟ್ರಿಪ್ ಹಾಕ್ತೀವಿ" ಅಂದ.

ಅಪ್ಪ ಕಿತ್ತುಕೊಟ್ಟರು. ಅದನ್ನೂ ಸರಿಯಾಗಿಯೇ ಮಾಡಿದರು: ಟ್ಯೂಬಿಗೆ ಹೈ ವೋಲ್ಟೇಜ್ ಕೊಡುವ ಆನೋಡ್ ಕ್ಯಾಪಿನ ಕೆಳಗೆ ಉಳಿದಿರುವ ಕರೆಂಟನ್ನು ಸ್ಕ್ರೂಡ್ರೈವರ್ ತಾಗಿಸಿ ಇಳಿಸಿ, ಒಳಗೆ ಗಾಳಿಯಿಲ್ಲದ ಗಾಜಿನ ಬುರುಡೆಯಾದ ಪಿಕ್ಚರ್ ಟ್ಯೂಬಿನ ಕುತ್ತಿಗೆಯ ತುದಿಯಲ್ಲಿ ಸಣ್ಣದಾಗಿ ಮುರಿದು ಗಾಳಿ ಒಳಗೆ ಬಿಟ್ಟರು. ಹಾಗೆ ಮಾಡದೆ ಹೊಡೆದರೆ ಗಾಜು ಒಳಕ್ಕೆ ಕುಸಿದು ಚೂರು ಸಿಡಿಯುತ್ತದೆ. ಗಾಳಿ ಒಳಹೋಗುವಾಗ 'ಸ್ಸ್' ಅನ್ನುವ ಒಂದು ಸದ್ದು ಬರುತ್ತದೆ. ಆರು ಸಲ ಆ ಸದ್ದು ಕೇಳಿ ಅಪ್ಪ ಆವತ್ತು ರಾತ್ರಿ ಊಟ ಬೇಡ ಅಂದರು ಅಂತ ಅಮ್ಮ ಫೋನಿನಲ್ಲಿ ಹೇಳಿದಳು.

ಆ ಹುಡುಗನ ಮೇಲೆ ನನಗೆ ಸಿಟ್ಟಿಲ್ಲ, ದುಡ್ಡು ಚೌಕಾಸಿ ಮಾಡದೆ ಕೊಟ್ಟ. ನನ್ನ ತಕರಾರು ಇರುವುದು 'ಹಳೇ ಕಾಲದ ಮೋಡಿ' ಎಂಬ ಈ ಒಂದು ಮಸಾಲೆಯನ್ನು ಎಲ್ಲದಕ್ಕೂ ಉದುರಿಸುವುದರ ಬಗ್ಗೆ. ಕಾಫಿ ಶಾಪಿನ ಮೂಲೆಯ ಟೈಪ್‌ರೈಟರು, ಮದುವೆ ಹಾಲಿನ ಸೆಲ್ಫಿ ಜಾಗದಲ್ಲಿ ಗ್ರಾಮಫೋನಿನ ಕೊಂಬು, ಈಗ ಗ್ಯಾಲರಿಯಲ್ಲಿ ಟೊಳ್ಳು ಟಿವಿ. ಕೆಳಗೆ ಬೋರ್ಡಿನಲ್ಲಿ 'ನೆನಪು', 'ಕಾಲ', 'ನಶ್ವರತೆ'. ಪೈಕ್‌ನ ಹೆಸರನ್ನೂ ಅಲ್ಲಿ ಸೇರಿಸಿರುತ್ತಾರೆ. ಸ್ವಾಮಿ, ಪೈಕ್ ಟಿವಿ ಮುಟ್ಟಿದಾಗ ಟಿವಿ ಹಳತಾಗಿರಲಿಲ್ಲ. ಮನೆಮನೆಗೂ ಆಗತಾನೆ ಹೊಕ್ಕು ಜನರನ್ನು ಕಟ್ಟಿಹಾಕಿದ್ದ ಪೆಟ್ಟಿಗೆಯ ಹೊಟ್ಟೆಗೆ ಅವನು ಕೈಹಾಕಿದ. ಮುದಿಯಾಗಿದ್ದು ಆಮೇಲೆ, ಅವನ ಕಲೆಯ ಒಳಗೇ ಇದ್ದುಕೊಂಡು.

ಇದು ನನಗೆ ಕಣ್ಣಾರೆ ಕಂಡಿದ್ದು ಆಫೀಸ್ ಕೆಲಸಕ್ಕೆ ಸಿಯೋಲ್‌ಗೆ ಹೋಗಿದ್ದಾಗ. ಊರ ಪಕ್ಕದ ಗ್ವಾಚನ್‌ನಲ್ಲಿ, ಝೂ ಹತ್ತಿರ, ಅವರ ರಾಷ್ಟ್ರೀಯ ಆಧುನಿಕ ಕಲಾ ಮ್ಯೂಸಿಯಂ ಇದೆ. ಒಳಗೆ 'ದಿ ಮೋರ್ ದಿ ಬೆಟರ್', ಹೆಚ್ಚಿದಷ್ಟೂ ಒಳ್ಳೆಯದು. 1988ರ ಒಲಿಂಪಿಕ್ಸ್ ವರ್ಷ ಪೈಕ್ ಕಟ್ಟಿದ 18.5 ಮೀಟರ್ ಎತ್ತರದ ಟಿವಿ ಗೋಪುರ. ಗೋಪುರ ಅಂದರೆ ನಮ್ಮ ದೇವಸ್ಥಾನದ್ದರ ಹಾಗೆಯೇ, ಕೆಳಗೆ ದಪ್ಪ, ಮೇಲೆ ಹೋದಂತೆ ಕಿರಿದು. ಒಟ್ಟು 1003 ಮಾನಿಟರ್. ಕೊರಿಯನ್ನರ ನಾಡಹಬ್ಬ ಅಕ್ಟೋಬರ್ 3, ಅದಕ್ಕೆ ಆ ಲೆಕ್ಕ. ಸುತ್ತ ಸುರುಳಿಯಾಗಿ ಮೇಲೇರುವ ದಾರಿ, ನಡೆಯುತ್ತಾ ಪ್ರದಕ್ಷಿಣೆ ಹಾಕಿದಂತೆಯೇ ನೋಡಬೇಕು.

1003 ಪಿಕ್ಚರ್ ಟ್ಯೂಬು ಓಡಿಸುವುದು ಹುಡುಗಾಟವಲ್ಲ. ಸೆಟ್ ಕೆಡುತ್ತಲೇ ಇದ್ದವು. 2003ರಲ್ಲೇ ಒಮ್ಮೆ ಮಾನಿಟರುಗಳನ್ನೆಲ್ಲ ಬದಲಿಸಿದ್ದರು, ಅಂದರೆ ನಾವು ನೋಡುವುದು 'ಅಸಲಿ' ಅಲ್ಲವೇ ಅಲ್ಲ. ಆಗಿನ್ನೂ ಹೊಸ ಟ್ಯೂಬು ಸಿಗುತ್ತಿತ್ತು, ಬದಲಿಸಿದರು. 2018ರ ಫೆಬ್ರವರಿಯಲ್ಲಿ ಸುರಕ್ಷತೆಯ ಕಾರಣಕ್ಕೆ ಪೂರ್ತಿ ಆರಿಸಿದಾಗ ಪ್ರಪಂಚದಲ್ಲಿ ಟಿವಿ ಟ್ಯೂಬು ಮಾಡುವವರು ಹೆಚ್ಚುಕಡಿಮೆ ಉಳಿದಿರಲಿಲ್ಲ. ನಮ್ಮ ಬೆಂಗಳೂರಿನ ಬಿಇಎಲ್‌ನಲ್ಲೂ ಒಂದು ಕಾಲಕ್ಕೆ ಕಪ್ಪು-ಬಿಳುಪು ಟ್ಯೂಬು ತಯಾರಾಗುತ್ತಿತ್ತು, ಅಪ್ಪ ಅದನ್ನು ಬಾಯಿತುಂಬ ಹೊಗಳುತ್ತಾರೆ. ಎಲ್ಲಾ ಕಡೆಯೂ ಲೈನ್ ಮುಚ್ಚಿದವು.

ಅಲ್ಲಿ ನಾಲ್ಕೂವರೆ ವರ್ಷ ಕತ್ತಲೆ. ವಾದ ಏನಿತ್ತೆಂದು ಊಹಿಸಬಹುದು: ಎಲ್ಲವನ್ನೂ ಎಲ್‌ಸಿಡಿ ಮಾಡಿ ಮುಗಿಸೋಣ ಎನ್ನುವವರು, ಒಂದು ಸ್ಕ್ರೂ ಮುಟ್ಟಬೇಡಿ ಎನ್ನುವವರು. ಪೈಕ್ ಸ್ವತಃ ಈ ವಿಷಯದಲ್ಲಿ ಮಡಿವಂತನಲ್ಲ, ಹೊಸದು ಹಾಕಲು ಅವನ ಅಡ್ಡಿ ಇರಲಿಲ್ಲ. ಆದರೆ ಅವನು 2006ರಲ್ಲೇ ತೀರಿಕೊಂಡ. ಕಡೆಗೆ ಮ್ಯೂಸಿಯಂನವರು ಹಳೇ ಸೆಟ್ಟು, ಬಿಡಿಭಾಗ ಹುಡುಕಿ ತಂದು 737 ಮಾನಿಟರ್‌ಗಳನ್ನು ಪಿಕ್ಚರ್ ಟ್ಯೂಬಿನಲ್ಲೇ ರಿಪೇರಿ ಮಾಡಿದರು. ತುದಿಯಲ್ಲಿದ್ದ ಆರು ಇಂಚು, ಹತ್ತು ಇಂಚಿನ ಪುಟಾಣಿಗಳು, 266, ಎಲ್ಲೂ ಸಿಗದೆ ಹೊರಗಿನ ಆಕಾರ ಉಳಿಸಿಕೊಂಡು ಒಳಗೆ ಎಲ್‌ಸಿಡಿ ಕೂರಿಸಿದರು. 2022ರ ಸೆಪ್ಟೆಂಬರ್‌ನಲ್ಲಿ ಮತ್ತೆ ಹಚ್ಚಿದರು. ಅದೂ ವಾರಕ್ಕೆ ನಾಲ್ಕು ದಿನ, ದಿನಕ್ಕೆ ಎರಡು ಗಂಟೆ ಮಾತ್ರ, ವಯಸ್ಸಾದವರಿಗೆ ವಾಕಿಂಗ್ ಟೈಮ್ ಇಟ್ಟ ಹಾಗೆ.

ಈ ಅಂಕಿಗಳು ಯಾವುದೂ ನನಗೆ ಆವತ್ತು ಗೊತ್ತಿರಲಿಲ್ಲ. ಮೊಬೈಲಿನಲ್ಲಿ ಒಂದು ವೀಡಿಯೊ ಮಾಡಿ ಅಪ್ಪನಿಗೆ ವಾಟ್ಸಾಪ್ ಮಾಡಿದೆ. ಎರಡು ನಿಮಿಷಕ್ಕೆ ಫೋನು.

"ಬಿಸಿ ಎಲ್ಲಿಗೆ ಹೋಗುತ್ತೆ? ಫ್ಯಾನ್ ಇಟ್ಟವ್ರಾ ಒಳಗೆ?"

ಗೊತ್ತಿಲ್ಲ ಅಪ್ಪ ಅಂದೆ.

"ತುದೀಲಿರೋವು ನಮ್ಮವಲ್ಲ."

"ಏನು ನಮ್ಮವಲ್ಲ?"

"ಕೆಳಗಡೆ ಸೆಟ್‌ನಲ್ಲಿ ಕಪ್ಪು ಪಟ್ಟೆ ಉರುಳ್ತಾ ಇಲ್ವಾ? ಟ್ಯೂಬು ಅದು. ಮೊಬೈಲಲ್ಲಿ ಹಿಡಿದ್ರೆ ಹಂಗೇ ಕಾಣೋದು. ತುದೀದು ನೋಡು, ನೀರು ನಿಂತಂಗೆ ನಿಂತೈತೆ."

ವೀಡಿಯೊ ಮತ್ತೆ ನೋಡಿದೆ. ಹೌದು. ಟ್ಯೂಬಿನಲ್ಲಿ ಒಂದು ಚುಕ್ಕಿ ಗೆರೆಗೆರೆಯಾಗಿ ಓಡಿ ಚಿತ್ರ ಬರೆಯುತ್ತದೆ, ನಮ್ಮ ಕಣ್ಣು ಸೋಮಾರಿಯಾದ್ದರಿಂದ ಪೂರ್ತಿ ಚಿತ್ರ ಕಂಡಂತಾಗುತ್ತದೆ. ಮೊಬೈಲಿನ ಕ್ಯಾಮೆರಾ ಆ ಓಟವನ್ನು ಅರ್ಧದಲ್ಲಿ ಹಿಡಿದುಬಿಡುತ್ತದೆ, ಅದಕ್ಕೇ ಪಟ್ಟೆ. ತುದಿಯ ಎಲ್‌ಸಿಡಿಯಲ್ಲಿ ಪಟ್ಟೆ ಇಲ್ಲ. ನಾನು ಎದುರಿಗೇ ನಿಂತು ಗುರುತಿಸಲಾಗದ್ದನ್ನು ಅವರು ಐದಿಂಚಿನ ಮೊಬೈಲಿನಲ್ಲಿ ಗುರುತಿಸಿದ್ದರು.

ಹಾಗಾದರೆ ಆ 266 ಮೋಸವೇ? ನನಗೆ ಹಾಗನ್ನಿಸುವುದಿಲ್ಲ. ಆ ಗೋಪುರದಲ್ಲಿ ಒಂದೊಂದು ಟಿವಿ ಒಂದೊಂದು ಇಟ್ಟಿಗೆ, ರಾಶಿಯೇ ಅಲ್ಲಿ ಕೆಲಸ ಮಾಡುವುದು. ತುದಿಯ ಇಟ್ಟಿಗೆ ಬದಲಾದರೆ ಗೋಪುರ ಗೋಪುರವೇ. ಅದೇ ಪೈಕ್‌ನ ಇನ್ನೊಂದು ಕೆಲಸ ತೆಗೆದುಕೊಳ್ಳಿ, ನ್ಯೂಯಾರ್ಕಿನ ವಿಟ್ನಿ ಮ್ಯೂಸಿಯಂನಲ್ಲಿರುವ 1965ರ 'ಮ್ಯಾಗ್ನೆಟ್ ಟಿವಿ'. ಒಂದು ಕಪ್ಪು-ಬಿಳುಪು ಸೆಟ್, ತಲೆಯ ಮೇಲೆ ಕುದುರೆ ಲಾಳದಂಥ ದೊಡ್ಡ ಆಯಸ್ಕಾಂತ. ಟ್ಯೂಬಿನೊಳಗೆ ಹಾರಿಬರುವ ಎಲೆಕ್ಟ್ರಾನುಗಳನ್ನು ಆಯಸ್ಕಾಂತ ಅಡ್ಡದಾರಿಗೆಳೆದು ಪರದೆಯ ಮೇಲೆ ಬೆಳಕಿನ ಒಂದು ಹೂವಿನಂಥದ್ದು ಅರಳುತ್ತದೆ. ಇಲ್ಲಿ ಟ್ಯೂಬು ತೆಗೆದು ಎಲ್‌ಸಿಡಿ ಇಟ್ಟರೆ ಆಯಸ್ಕಾಂತ ಬರೀ ತೂಕದ ಕಲ್ಲು. ಹೂವಿನ ವೀಡಿಯೊ ಹಾಕಿ ತೋರಿಸಬಹುದು, ಅದು ಸತ್ತವರ ಫೋಟೊಗೆ ಹಾರ ಹಾಕಿದಂತೆ.

ಆದ್ದರಿಂದ ಕಲೆಯೊಳಗಿನ ಹಳೇ ಯಂತ್ರ ಕಂಡಾಗಲೆಲ್ಲ ನಾನು ಈ ಆಯಸ್ಕಾಂತವನ್ನು ಮನಸ್ಸಿನಲ್ಲೇ ಹಿಡಿದು ನೋಡುತ್ತೇನೆ: ಈ ಯಂತ್ರ ತೆಗೆದರೆ ಏನಾದರೂ ನಿಲ್ಲುತ್ತದೆಯೇ? ಬ್ರಿಟನ್ನಿನ ಕಲಾವಿದೆ ಟಸಿಟಾ ಡೀನ್ ಫಿಲ್ಮ್ ರೀಲಿಗಾಗಿ ಹೋರಾಡಿದ್ದು ನನಗೆ ಅರ್ಥವಾಗುವುದು ಹೀಗೆ. 2011ರಲ್ಲಿ ಲಂಡನ್ನಿನಲ್ಲಿ ಅವರು ನೆಚ್ಚಿಕೊಂಡಿದ್ದ ಲ್ಯಾಬು 16 ಎಂಎಂ ಪ್ರಿಂಟ್ ಹಾಕುವುದನ್ನೇ ನಿಲ್ಲಿಸಿತು. ಅದೇ ವರ್ಷ ಟೇಟ್ ಮಾಡರ್ನ್‌ನ ಟರ್ಬೈನ್ ಹಾಲಿನಲ್ಲಿ 13 ಮೀಟರ್ ಎತ್ತರದ, ಉದ್ದುದ್ದ ನಿಂತ ಪರದೆಯ ಮೇಲೆ 'ಫಿಲ್ಮ್' ಎಂದೇ ಹೆಸರಿಟ್ಟ 11 ನಿಮಿಷದ ಮೂಕಚಿತ್ರ ತೋರಿಸಿದರು. ಅಂಚಿನಲ್ಲಿ ರೀಲಿನ ತೂತುಗಳು ಕಾಣುತ್ತಿದ್ದವು. ಅಲ್ಲಿನ ಬಹುಪಾಲು ಚಮತ್ಕಾರ ಕ್ಯಾಮೆರಾದೊಳಗೆ ಚಿತ್ರದ ಒಂದಷ್ಟು ಭಾಗ ಮರೆಮಾಡಿ, ರೀಲನ್ನು ಹಿಂದಕ್ಕೆ ಸುತ್ತಿ, ಅದೇ ರೀಲಿನ ಮೇಲೆ ಮತ್ತೆ ಬೆಳಕು ಬಿಟ್ಟು ಆದದ್ದು. ಹಳೇದು ಚೆಂದ ಎಂಬ ಗೋಳು ಅದಲ್ಲ, ಬಡಗಿ ತನ್ನ ಉಳಿಗಾಗಿ ಜಗಳ ಆಡಿದ್ದು.

ಇನ್ನು ಡಾನ್ ಫ್ಲೇವಿನ್ ಕತೆ ನಗು ಬರಿಸುತ್ತದೆ. 1963ರಿಂದ ಅಮೆರಿಕದ ಈ ಮಹಾಶಯ ಅಂಗಡಿಯಲ್ಲಿ ಸಿಗುವ ಮಾಮೂಲಿ ಟ್ಯೂಬ್‌ಲೈಟನ್ನು ಗೋಡೆಗೆ ಓರೆಯಾಗಿ ಹಚ್ಚಿ ಇದೇ ಕಲೆ ಅಂದ. ಯಾರು ಬೇಕಾದರೂ ಕೊಳ್ಳಬಹುದಾದ್ದು ಎಂಬುದೇ ಅದರ ಜೀವಾಳ. ಈಗ ಪಾದರಸದ ಕಾರಣಕ್ಕೆ ಯುರೋಪಿನಲ್ಲಿ 2023ರಿಂದ ಮಾಮೂಲಿ ಟ್ಯೂಬ್‌ಲೈಟ್ ಮಾರುಕಟ್ಟೆಗೆ ಬಿಡುವಂತಿಲ್ಲ. ಅಗ್ಗದ ಮಾಲು ದುರ್ಲಭ ಮಾಲಾಗಿ, ಫ್ಲೇವಿನ್‌ನ ಕಲೆ ಅವನು ಹೇಳಿದ್ದಕ್ಕೆ ತದ್ವಿರುದ್ಧ ನಿಂತಿದೆ. ನಮ್ಮ ಮನೆ ಅಟ್ಟದಲ್ಲಿ ಚೋಕ್, ಸ್ಟಾರ್ಟರ್ ಸಮೇತ ನಾಲ್ಕು ಪಟ್ಟಿ ಇವೆ, ಯಾರಿಗಾದರೂ ಬೇಕಿದ್ದರೆ ಹೇಳಿ.

ತಮಾಷೆ ಇರಲಿ. ಇಂಥ ಚರ್ಚೆಗಳಲ್ಲಿ ನನಗೆ ಯಾವಾಗಲೂ ಕಾಣದಿರುವುದು ಕೈ. ಕಲಾವಿದನ ಹೆಸರಿದೆ, ಇಸವಿ ಇದೆ, 'ಮಾಧ್ಯಮ: 1003 ಮಾನಿಟರ್' ಎಂದಿದೆ. ಬಿಡಿಭಾಗವನ್ನು ಹೇಗೋ ಗುಜರಿಯಲ್ಲಿ ಹುಡುಕಬಹುದು. ಟ್ಯೂಬಿನ ಕುತ್ತಿಗೆಗೆ ಸುತ್ತಿದ ಯೋಕ್ ಎಂಬ ಕಾಯಿಲ್ ಚೂರು ತಿರುಗಿದೆ ಎಂದು ಚಿತ್ರ ನೋಡಿಯೇ ಹೇಳುವವರು, ಇಹೆಚ್‌ಟಿ ಎಂಬ ಹೈ ವೋಲ್ಟೇಜ್ ಟ್ರಾನ್ಸ್‌ಫಾರ್ಮರ್ ಹೋಗುವ ಮೊದಲು ಬರುವ ವಾಸನೆ ಗೊತ್ತಿರುವವರು ಎಷ್ಟು ಜನ ಉಳಿದಿದ್ದಾರೆ? ತಿಪಟೂರು, ಅರಸೀಕೆರೆ, ಕಡೂರು ಎಂದು ಊರಿಗೆ ನಾಲ್ಕು ಮಂದಿ ಇದ್ದರು. ಕೆಲವರು ಡಿಶ್ ಕಟ್ಟಲು ಹೋದರು, ಒಬ್ಬರು ಆಟೊ ಓಡಿಸುತ್ತಾರೆ. ಅವರನ್ನು ಕೂರಿಸಿ ಬರೆದುಕೊಳ್ಳುವ ಕೆಲಸಕ್ಕೆ ಎರಡು ವರ್ಷಕ್ಕೊಮ್ಮೆ ಕಲಾಮೇಳ ನಡೆಸುವ ಯಾವ ಬಿನಾಲೆಯೂ ದುಡ್ಡು ಕೊಟ್ಟಿದ್ದು ನಾನು ಕಾಣೆ. ಅಪ್ಪನ ಹತ್ತಿರ ಬಂದ ಹುಡುಗ ಒಂದು ವಾರ ಅಲ್ಲೇ ಉಳಿದಿದ್ದರೆ ಅವನ ಆರು ಟಿವಿಗಳು ಏನೇನೋ ಆಗಬಹುದಿತ್ತು, ಕೊನೇಪಕ್ಷ ಒಂದು ನೆಟ್ಟಗೆರೆ.

ಹೋದ ಬೇಸಿಗೆ ರಜೆಗೆ ಮಗಳನ್ನು ಊರಿಗೆ ಬಿಟ್ಟಿದ್ದೆ, ಏಳು ವರ್ಷ ಅವಳಿಗೆ. ಅಪ್ಪ ಶೆಡ್ಡಿನಿಂದ ಹದಿನಾಲ್ಕು ಇಂಚಿನ ಕಪ್ಪು-ಬಿಳುಪು ಪೋರ್ಟಬಲ್ ಒಂದನ್ನು ಹೊರಗೆ ತಂದು, ಆಂಟೆನಾಗೆ ಈಗ ಏನೂ ಬರುವುದಿಲ್ಲವಾದ್ದರಿಂದ ಸೆಟ್‌ಟಾಪ್ ಬಾಕ್ಸಿನ ವೈರನ್ನು ನೇರ ಒಳಗೆ ಬೆಸೆದರು. ನ್ಯೂಸ್ ಚಾನೆಲ್ ಬಂತು. ಹಳೇ ಸ್ಪೀಕರಿನಿಂದ ಕಿತ್ತ ಆಯಸ್ಕಾಂತ ಹತ್ತಿರ ಹಿಡಿದರೆ ಕೂಗಾಡುತ್ತಿದ್ದ ನಿರೂಪಕನ ಮುಖ ಜಿಲೇಬಿಯಂತೆ ಸುತ್ತಿಕೊಂಡಿತು. ತೆಗೆದರೆ ಮತ್ತೆ ನೆಟ್ಟಗೆ. ಹತ್ತಿಪ್ಪತ್ತು ಸಲ ಮಾಡಿಸಿದಳು. ಕಲರ್ ಸೆಟ್‌ಗೆ ಮಾತ್ರ ಹಿಂಗೆ ಮಾಡ್ಬಾರ್ದು ಪುಟ್ಟಿ, ಬಣ್ಣ ಹಂಗೇ ಕೆಟ್ಟು ನಿಂತ್ಬಿಡುತ್ತೆ ಅಂತ ಅಪ್ಪ ಎಚ್ಚರಿಕೆ ಹೇಳಿದರು. ನಾನು ಚಿಕ್ಕವಳಿದ್ದಾಗ ಗಿರಾಕಿಯ ಸೆಟ್ಟಿಗೆ ಹಿಡಿದು ಬೆನ್ನಿಗೆ ಬಿದ್ದ ಏಟು ಅವರಿಗೂ ನೆನಪಿರಬೇಕು. ಆವತ್ತು ಅವರು ಪರದೆಗೆ ಅಂಟಿದ ಆಯಸ್ಕಾಂತದ ಗುಣ ಇಳಿಸುವ ಡೀಗಾಸಿಂಗ್ ಕಾಯಿಲ್ ಹಿಡಿದು ಪರದೆಯ ಮುಂದೆ ದೃಷ್ಟಿ ತೆಗೆದಂತೆ ಸುತ್ತಿಸಿ ನೇರಳೆ ಕಲೆ ಅಳಿಸಿದ್ದರು.

ಮಗಳು ಸುಮ್ಮನಿರುತ್ತಾಳೆಯೇ. ಆಯಸ್ಕಾಂತ ಎತ್ತಿಕೊಂಡು ಓಡಿ ನಡುಮನೆಯ ಗೋಡೆಗೆ ನೇತುಹಾಕಿದ ದೊಡ್ಡ ಎಲ್‌ಇಡಿ ಟಿವಿಗೆ ಹಿಡಿದಳು. ಎಡಕ್ಕೆ ಹಿಡಿದಳು, ಬಲಕ್ಕೆ ಹಿಡಿದಳು, ಸ್ಟೂಲ್ ಹತ್ತಿ ಮೇಲೆ ಹಿಡಿದಳು. ಆಮೇಲೆ ಶೆಡ್ಡಿನ ಕಡೆ ತಿರುಗಿ ಕೂಗಿದಳು:

"ತಾತಾ, ಈ ಟಿವಿ ಕೆಟ್ಟೋಗಿದೆ!"