ಎಸ್‌ಎಂಪಿಎಸ್ ಆನ್ ಆಯ್ತು ಅಂದ್ರೆ ಚೆನ್ನಾಗಿದೆ ಅಂತಲ್ಲ

ಹೊಸ ಕಂಪ್ಯೂಟರ್ ಅಸೆಂಬಲ್ ಮಾಡಿಸುವವರು ಆಗಾಗ ನನಗೆ ಲಿಸ್ಟ್ ಕಳಿಸಿ "ಒಂದ್ಸಲ ನೋಡಿ ಹೇಳಿ" ಅಂತಾರೆ. ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್, ರ‍್ಯಾಮ್ ಎಲ್ಲದಕ್ಕೂ ಮಾಡೆಲ್ ನಂಬರ್ ಸಮೇತ ಬರೆದಿರುತ್ತಾರೆ. ಕೊನೇ ಸಾಲಿನಲ್ಲಿ ಮಾತ್ರ "ಎಸ್‌ಎಂಪಿಎಸ್ 450 ವ್ಯಾಟ್" ಅಂತ ಇರುತ್ತದೆ, ಅಷ್ಟೇ. ಎಸ್‌ಎಂಪಿಎಸ್ ಅಂದ್ರೆ ಗೋಡೆಯ ಕರೆಂಟನ್ನ ಕಂಪ್ಯೂಟರಿಗೆ ಬೇಕಾದ ಸಣ್ಣ ವೋಲ್ಟೇಜಿಗೆ ಇಳಿಸಿ ಕೊಡುವ ಡಬ್ಬಿ. ಯಾವ ಕಂಪನಿದು ಅಂತ ಕೇಳಿದರೆ "ಕ್ಯಾಬಿನೆಟ್ ಜೊತೆಗೇ ಬರುತ್ತಂತೆ" ಅನ್ನುವ ಉತ್ತರ. ಸ್ವಲ್ಪ ಓದಿಕೊಂಡವರಾದರೆ "ಗೋಲ್ಡ್ ತಗೊಂಡಿದ್ದೀನಿ, ಸಾಕಲ್ವಾ?" ಅಂತಾರೆ. ಗೋಲ್ಡ್ ಅನ್ನೋದು ವಿದ್ಯುತ್ ಉಳಿತಾಯಕ್ಕೆ ಕೊಡುವ 80 ಪ್ಲಸ್ ಬ್ಯಾಡ್ಜಿನ ಒಂದು ದರ್ಜೆ. ಅದಷ್ಟೇ ಸಾಕಾಗಲ್ಲ. ಕರೆಂಟು ಹೋದಾಗ, ಲೋಡ್ ಏರಿದಾಗ, ಒಳಗೆ ಏನಾದರೂ ಕೆಟ್ಟಾಗ ಆ ಡಬ್ಬಿ ಹೇಗೆ ನಡೆದುಕೊಳ್ಳುತ್ತೆ ಅನ್ನೋದನ್ನ ನೋಡಬೇಕು. ಅದನ್ನ ಯಾರೂ ಕೇಳಲ್ಲ, ಹಾಗಾಗಿ ಅಂಗಡಿಯವರೂ ಹೇಳಲ್ಲ.

ಅಂಗಡಿಯಲ್ಲಿ ಟೆಸ್ಟ್ ಹೇಗೆ ಮಾಡುತ್ತಾರೆ ನೋಡಿದ್ದೀರಲ್ಲ? 24 ಪಿನ್ ಕನೆಕ್ಟರ್‌ನ ಹಸಿರು ವೈರಿಗೂ ಪಕ್ಕದ ಕಪ್ಪು ವೈರಿಗೂ ಒಂದು ಪೇಪರ್ ಕ್ಲಿಪ್ ಸಿಕ್ಕಿಸುತ್ತಾರೆ. ಫ್ಯಾನ್ ತಿರುಗುತ್ತದೆ. ಹಳದಿ ವೈರಿಗೆ ಮಲ್ಟಿಮೀಟರ್ ಇಟ್ಟರೆ 12.1 ಅಂತ ತೋರಿಸುತ್ತದೆ. "ನೋಡಿ ಸರ್, ಪಕ್ಕಾ ಇದೆ!" ಖಾಲಿ ಲಾರಿ ಶಿರಾಡಿ ಘಾಟಿ ಹತ್ತಿತು ಅಂದಮಾತ್ರಕ್ಕೆ ಲೋಡ್ ತುಂಬಿದ ಮೇಲೂ ಹತ್ತುತ್ತೆ ಅಂತ ಹೇಳೋಕಾಗುತ್ತಾ? ಎಸ್‌ಎಂಪಿಎಸ್ ಪೂರ್ತಿ ಸತ್ತಿಲ್ಲ ಅನ್ನೋದು ಈ ಟೆಸ್ಟಿನಿಂದ ಗೊತ್ತಾಗುತ್ತೆ, ಅದಕ್ಕಿಂತ ಜಾಸ್ತಿ ಏನೂ ಗೊತ್ತಾಗಲ್ಲ. ಸಣ್ಣ ಸ್ಕ್ರೀನ್ ಇರುವ ಎಸ್‌ಎಂಪಿಎಸ್ ಟೆಸ್ಟರ್ ಬರುತ್ತಲ್ಲ, ಅದರ ಕಥೆಯೂ ಇಷ್ಟೇ.

ಮೊದಲು ಸ್ಟಿಕ್ಕರ್ ಓದಿ. ಮೇಲೆ ದೊಡ್ಡದಾಗಿ 450 ಅಂತ ಇರುತ್ತೆ, ಅದನ್ನ ಬಿಟ್ಟು ಕೆಳಗಿನ ಸಣ್ಣ ಟೇಬಲ್‌ಗೆ ಬನ್ನಿ. ಈಗಿನ ಕಂಪ್ಯೂಟರಿನಲ್ಲಿ ಪ್ರೊಸೆಸರ್, ಗ್ರಾಫಿಕ್ಸ್ ಕಾರ್ಡ್ ಎರಡೂ ಕರೆಂಟು ಎಳೆಯುವುದು ಹೆಚ್ಚುಕಡಿಮೆ 12 ವೋಲ್ಟ್ ಲೈನಿನಿಂದಲೇ. ಅಲ್ಲಿ 14 ಆಂಪ್ಸ್ ಅಂತ ಬರೆದಿದ್ದರೆ 12ನ್ನು 14ರಿಂದ ಗುಣಿಸಿ. 168 ವ್ಯಾಟ್. 450 ಎಲ್ಲಿ, 168 ಎಲ್ಲಿ! ಒಳ್ಳೆಯ 450 ವ್ಯಾಟ್ ಡಬ್ಬಿಯಲ್ಲಿ 12 ವೋಲ್ಟ್ ಲೈನ್ ಒಂದೇ 400ಕ್ಕಿಂತ ಜಾಸ್ತಿ ಕೊಡುತ್ತದೆ. ಎಷ್ಟೋ ಅಗ್ಗದ ಡಬ್ಬಿಗಳನ್ನ ಪಕ್ಕಕ್ಕಿಡಲು ಈ ಒಂದು ಲೆಕ್ಕವೇ ಸಾಕು, ಇದಕ್ಕೆ ಯಾವ ಮಿಷನ್ನೂ ಬೇಡ.

ನಿಜವಾದ ಟೆಸ್ಟಿಗೆ ಮಿಷನ್ ಬೇಕೇ ಬೇಕು. ಎಲೆಕ್ಟ್ರಾನಿಕ್ ಲೋಡ್ ಅಂತ ಬರುತ್ತದೆ, ಪ್ರತಿ ಲೈನಿನಿಂದ ಎಷ್ಟು ಆಂಪ್ಸ್ ಎಳೆಯಬೇಕು ಅಂತ ಅದರಲ್ಲಿ ಸೆಟ್ ಮಾಡಬಹುದು. ಡಬ್ಬಿಯ ಪೂರ್ತಿ ಶಕ್ತಿಯ 10 ಪರ್ಸೆಂಟಿನಿಂದ ಶುರು ಮಾಡಿ 110ರವರೆಗೆ ಏರಿಸುತ್ತಾ ಹೋಗುತ್ತಾರೆ, ಅದೂ 40, 45 ಡಿಗ್ರಿ ಬಿಸಿ ಪೆಟ್ಟಿಗೆಯೊಳಗೆ ಇಟ್ಟು. ಎಸ್‌ಎಂಪಿಎಸ್ ಹೇಗಿರಬೇಕು ಅಂತ ಹೇಳುವ ಇಂಟೆಲ್‌ನ ಎಟಿಎಕ್ಸ್ ನಿಯಮದ ಪ್ರಕಾರ 12 ವೋಲ್ಟ್ ಲೈನ್ 12.6 ದಾಟಬಾರದು, 11.4ಕ್ಕಿಂತ ಕೆಳಗೂ ಇಳಿಯಬಾರದು ಅಂತಿತ್ತು (ಎಟಿಎಕ್ಸ್ 3.0ರಲ್ಲಿ ಕೆಳಗಿನ ಮಿತಿಯನ್ನ ಸ್ವಲ್ಪ ಸಡಿಲಿಸಿದ್ದಾರೆ). ಆಮೇಲೆ ಬೇಕಂತಲೇ 12 ವೋಲ್ಟಿಗೆ ಪೂರ್ತಿ ಲೋಡ್ ಹಾಕಿ 5 ವೋಲ್ಟನ್ನ ಸುಮ್ನೆ ಬಿಡುತ್ತಾರೆ. ಹಳೇ ಡಿಸೈನಿನವು ಸಿಕ್ಕಿಬೀಳುವುದು ಇಲ್ಲೇ. ಅವುಗಳಲ್ಲಿ ಎರಡೂ ಲೈನನ್ನು ಒಂದೇ ಸರ್ಕ್ಯೂಟ್ ಹಿಡಿದಿಟ್ಟಿರುತ್ತದೆ, ಹಾಗಾಗಿ ಒಂದು ಕುಸಿದರೆ ಇನ್ನೊಂದು ಮೇಲೇರುತ್ತದೆ.

ಇನ್ನೊಂದು ರಿಪಲ್. ವೋಲ್ಟೇಜಿನ ಏರಿಳಿತವನ್ನ ಗೆರೆಯಾಗಿ ತೋರಿಸುವ ಆಸಿಲೋಸ್ಕೋಪಿನಲ್ಲಿ ನೋಡಿದರೆ 12 ವೋಲ್ಟ್ ಲೈನ್ ನೆಟ್ಟಗೆ ಇರಲ್ಲ, ಸಣ್ಣ ಸಣ್ಣ ಅಲೆ ಇರುತ್ತದೆ. 12 ವೋಲ್ಟಿನಲ್ಲಿ 120 ಮಿಲಿವೋಲ್ಟ್‌ವರೆಗೆ, 5 ಮತ್ತು 3.3ರಲ್ಲಿ 50ರವರೆಗೆ ನಿಯಮ ಒಪ್ಪುತ್ತದೆ. ಮಲ್ಟಿಮೀಟರ್ ಸರಾಸರಿ ತೋರಿಸುವುದರಿಂದ ಅದರಲ್ಲಿ ಈ ಅಲೆ ಕಾಣುವುದೇ ಇಲ್ಲ. ಅಲೆ ಜಾಸ್ತಿ ಇದ್ದರೂ ಕಂಪ್ಯೂಟರ್ ನಡೆಯುತ್ತಿರುತ್ತೆ, ಆದರೆ ಬೋರ್ಡ್ ಮೇಲಿನ ಕೆಪಾಸಿಟರ್‌ಗಳು ಬಿಸಿಯಾಗಿ ಬೇಗ ಮುದಿಯಾಗುತ್ತವೆ. ವರ್ಷಗಳ ಮೇಲೆ ಮದರ್‌ಬೋರ್ಡ್ ಕೈಕೊಟ್ಟಾಗ "ಬೋರ್ಡೇ ಸರಿ ಇರಲಿಲ್ಲ" ಅಂತ ಬೋರ್ಡಿನ ಮೇಲೆ ಹಾಕುತ್ತೇವೆ. ಎಸ್‌ಎಂಪಿಎಸ್ ಹೆಸರು ಬರೋದೇ ಇಲ್ಲ. ನನಗೆ ನಿಜಕ್ಕೂ ಬೇಜಾರಾಗುವುದು ಇದಕ್ಕೆ.

ಈಗ ಗೋಲ್ಡ್ ವಿಷಯ. 80 ಪ್ಲಸ್ ಬ್ಯಾಡ್ಜ್ ಶುರುವಾಗಿದ್ದು 2004ರಲ್ಲಿ, ವಿದ್ಯುತ್ ಉಳಿಸುವ ಉದ್ದೇಶಕ್ಕೆ. ಗೋಡೆಯ ಪ್ಲಗ್ಗಿನಿಂದ ಎಳೆದ ಕರೆಂಟಿನಲ್ಲಿ ಎಷ್ಟು ಕಂಪ್ಯೂಟರಿಗೆ ತಲುಪಿತು ಅನ್ನೋದನ್ನ ಅದು ಅಳೆಯುತ್ತದೆ. ಅಳೆಯುವುದು ಸುಮಾರು 23 ಡಿಗ್ರಿಯ ತಂಪು ಕೋಣೆಯಲ್ಲಿ. ರಾಯಚೂರು, ಕಲಬುರಗಿ ಕಡೆ ಏಪ್ರಿಲ್‌ನಲ್ಲಿ ಕ್ಯಾಬಿನೆಟ್ ಒಳಗೆ ಎಷ್ಟಿರುತ್ತೆ ಅಂತ ಅಲ್ಲಿಯವರನ್ನೇ ಕೇಳಿ. ರಿಪಲ್ ಎಷ್ಟು, ಶಾರ್ಟ್ ಆದರೆ ಆಫ್ ಆಗುತ್ತಾ, ಇದ್ಯಾವುದೂ ಆ ಬ್ಯಾಡ್ಜಿನಲ್ಲಿಲ್ಲ. 2021ರಲ್ಲಿ ಗಿಗಾಬೈಟ್‌ನ ಜಿಪಿ-ಪಿ750ಜಿಎಂ, ಪಿ850ಜಿಎಂ ಎಸ್‌ಎಂಪಿಎಸ್ ಮಾಡೆಲ್‌ಗಳ ಗಲಾಟೆ ನೆನಪಿದೆಯಾ? ಎರಡಕ್ಕೂ ಗೋಲ್ಡ್ ಬ್ಯಾಡ್ಜ್ ಇತ್ತು. ಕಂಪ್ಯೂಟರ್ ಭಾಗಗಳನ್ನ ಟೆಸ್ಟ್ ಮಾಡಿ ತೋರಿಸುವ ಯೂಟ್ಯೂಬ್ ಚಾನೆಲ್ ಗೇಮರ್ಸ್ ನೆಕ್ಸಸ್‌ನವರು ಲೋಡ್ ಹಾಕಿ ಟೆಸ್ಟ್ ಮಾಡಿದಾಗ ಹಲವು ಡಬ್ಬಿ ಸಿಡಿದೇ ಹೋದವು. ಓವರ್‌ಲೋಡ್ ಆದರೆ ಆಫ್ ಆಗಬೇಕಾದ ಮಿತಿಯನ್ನ 120–150 ಪರ್ಸೆಂಟಿನಷ್ಟು ಮೇಲೆ ಇಟ್ಟಿದ್ದರು. ಆಮೇಲೆ ಕಂಪನಿಯೇ ಅದನ್ನ 110–120 ಪರ್ಸೆಂಟಿಗೆ ಇಳಿಸಿ, ಹಳೇ ಸೀರಿಯಲ್ ನಂಬರಿನವನ್ನ ಬದಲಾಯಿಸಿ ಕೊಡುವುದಾಗಿ ಹೇಳಿತು. ಯಾರೋ ಲೋಡ್ ಹಾಕಿ ನೋಡಿದ್ದಕ್ಕೆ ಅಷ್ಟಾದರೂ ಆಯ್ತು.

ಉಳಿತಾಯ ಎಷ್ಟು ಅಂತನೂ ನೋಡೋಣ. 200 ವ್ಯಾಟ್ ತಿನ್ನುವ ಕಂಪ್ಯೂಟರ್ ದಿನಕ್ಕೆ 4 ಗಂಟೆ ನಡೆದರೆ, 85 ಪರ್ಸೆಂಟಿನದಕ್ಕೂ 90 ಪರ್ಸೆಂಟಿನದಕ್ಕೂ ತಿಂಗಳಿಗೆ ಸುಮಾರು ಒಂದೂವರೆ ಯೂನಿಟ್ ವ್ಯತ್ಯಾಸ. ಆ ಒಂದೂವರೆ ಯೂನಿಟ್ಟಿಗೋಸ್ಕರ ಸಾವಿರಗಟ್ಟಲೆ ಜಾಸ್ತಿ ಕೊಡ್ತೀವಿ, ಆದರೆ ಹೋಲ್ಡ್ ಅಪ್ ಟೈಮ್, ಅಂದ್ರೆ ಕರೆಂಟು ಹೋದ ಮೇಲೂ ಡಬ್ಬಿ ಕಂಪ್ಯೂಟರನ್ನ ನಡೆಸುವ ಹೊತ್ತು, ಎಷ್ಟು ಅಂತ ಒಬ್ಬರೂ ಕೇಳಲ್ಲ.

ನಮ್ಮ ಮನೆಗಳಿಗೆ ಅದೇ ಮುಖ್ಯ. ಕರೆಂಟು ಹೋಗಿ ಇನ್ವರ್ಟರ್ ಹಿಡಿದುಕೊಳ್ಳುವಷ್ಟರಲ್ಲಿ ಒಂದು ಸಣ್ಣ ಗ್ಯಾಪ್ ಇರುತ್ತೆ. ಇನ್ವರ್ಟರ್ ಯುಪಿಎಸ್ ಮೋಡಿನಲ್ಲಿದ್ದರೆ ಹತ್ತು ಮಿಲಿಸೆಕೆಂಡ್ ಆಸುಪಾಸು, ಮಾಮೂಲಿ ಮೋಡಿನಲ್ಲಿ ಇನ್ನೂ ಜಾಸ್ತಿ. ಅಷ್ಟು ಹೊತ್ತು ಕಂಪ್ಯೂಟರನ್ನ ಎತ್ತಿ ಹಿಡಿಯೋದು ಎಸ್‌ಎಂಪಿಎಸ್ ಒಳಗಿನ ದೊಡ್ಡ ಕೆಪಾಸಿಟರ್. ಹಳೇ ನಿಯಮದಲ್ಲಿ ಪೂರ್ತಿ ಲೋಡಿಗೆ 17 ಮಿಲಿಸೆಕೆಂಡ್ ಬೇಕು ಅಂತಿತ್ತು. ಎಟಿಎಕ್ಸ್ 3.0 ಬಂದ ಮೇಲೆ 80 ಪರ್ಸೆಂಟ್ ಲೋಡಿಗೆ 17, ಪೂರ್ತಿ ಲೋಡಿಗೆ 12 ಅಂತಾಯಿತು. ಕೆಪಾಸಿಟರ್ ದೊಡ್ಡದಾದಷ್ಟೂ ದುಡ್ಡು, ಅದಕ್ಕೇ ಕೈಬಿಗಿ ಮಾಡುವ ಕಂಪನಿಗಳು ಮೊದಲು ಕತ್ತರಿ ಹಾಕುವುದು ಅಲ್ಲಿಗೆ. ಕರೆಂಟು ಹೋದಾಗ ಫ್ಯಾನು, ಲೈಟು, ವೈಫೈ ಎಲ್ಲ ನಡೆಯುತ್ತಿದ್ದು ಕಂಪ್ಯೂಟರ್ ಮಾತ್ರ ರೀಸ್ಟಾರ್ಟ್ ಆದರೆ ಇನ್ವರ್ಟರ್ ಬದಲಾಯಿಸುವ ಮೊದಲು ಮೋಡ್ ನೋಡಿ, ಆಮೇಲೆ ಎಸ್‌ಎಂಪಿಎಸ್ ನೋಡಿ. ಸ್ಕ್ವೇರ್ ವೇವ್ ಇನ್ವರ್ಟರ್ ಇದ್ದರಂತೂ ಆಕ್ಟಿವ್ ಪಿಎಫ್‌ಸಿ (ಗೋಡೆಯಿಂದ ಕರೆಂಟು ಎಳೆಯುವ ರೀತಿಯನ್ನ ಸರಿಪಡಿಸುವ ಸರ್ಕ್ಯೂಟ್) ಇರುವ ಕೆಲವು ಒಳ್ಳೆಯ ಎಸ್‌ಎಂಪಿಎಸ್‌ಗಳೂ ತಕರಾರು ಮಾಡುತ್ತವೆ, ಆಗ ಸೈನ್ ವೇವ್ ಇನ್ವರ್ಟರ್ರೇ ಬೇಕು.

ಹಾಗಾದ್ರೆ ಮನೆಯಲ್ಲಿ ಕೂತು ಏನು ಮಾಡೋದು? ಮಾಡೆಲ್ ಹೆಸರು ಹಾಕಿ ಟೆಸ್ಟ್ ರಿಪೋರ್ಟ್ ಹುಡುಕಿ. ಎಸ್‌ಎಂಪಿಎಸ್ ಟೆಸ್ಟ್ ಮಾಡುವ ಸೈಪ್ರಸ್‌ನ ಸೈಬನೆಟಿಕ್ಸ್ ಕಂಪನಿಯವರು ಎಷ್ಟೋ ಮಾಡೆಲ್‌ಗಳ ಪೂರ್ತಿ ರಿಪೋರ್ಟನ್ನ ಪುಕ್ಕಟೆ ಹಾಕಿದ್ದಾರೆ, ರಿಪಲ್, ಹೋಲ್ಡ್ ಅಪ್, ಪ್ರೊಟೆಕ್ಷನ್ ಎಲ್ಲ ಅದರಲ್ಲಿ ಇರುತ್ತದೆ. ಒಂದೇ ಕಂಪನಿಯ ಒಂದು ಸೀರೀಸ್ ಚೆನ್ನಾಗಿದ್ದು ಇನ್ನೊಂದು ಸುಮಾರಾಗಿರಬಹುದು, ಹಾಗಾಗಿ ಬ್ರ್ಯಾಂಡ್ ಹೆಸರು ನೋಡಿ ಸುಮ್ಮನಾಗಬೇಡಿ. ಯೂಟ್ಯೂಬಿನಲ್ಲಿ ಬಾಕ್ಸ್ ತೆಗೆದು, ಕೇಬಲ್ ಮುಟ್ಟಿ ನೋಡಿ "ಕ್ವಾಲಿಟಿ ಸೂಪರ್" ಅನ್ನುವವರನ್ನ ನಂಬಿ ದುಡ್ಡು ಹಾಕಬೇಡಿ. ಲೋಡ್ ಹಾಕಿದ್ದಾರಾ, ಸ್ಕೋಪ್ ತೋರಿಸಿದ್ದಾರಾ, ಅಷ್ಟು ನೋಡಿ. ಕಂಪ್ಯೂಟರಿನಲ್ಲೇ ವೋಲ್ಟೇಜ್ ತೋರಿಸುವ ಸಾಫ್ಟ್‌ವೇರ್‌ಗಳ ಲೆಕ್ಕವೂ ಎಷ್ಟೋ ಸಲ ತಪ್ಪಿರುತ್ತೆ, ಅನುಮಾನ ಬಂದರೆ ಗೇಮ್ ಓಡುತ್ತಿರುವಾಗ ಗೊತ್ತಿರುವವರ ಕೈಲಿ ಮಲ್ಟಿಮೀಟರ್ ಇಟ್ಟು ನೋಡಿಸಿ.

ಮತ್ತೆ, ಒಳಗೆ ಯಾವ ಕೆಪಾಸಿಟರ್ ಹಾಕಿದ್ದಾರೆ ಅಂತ ನೋಡೋಕೆ ಡಬ್ಬಿ ಬಿಚ್ಚಬೇಡಿ. ಆ ದೊಡ್ಡ ಕೆಪಾಸಿಟರ್‌ನಲ್ಲಿ 300 ವೋಲ್ಟ್‌ಗೂ ಜಾಸ್ತಿ ಇರುತ್ತದೆ, ಪ್ಲಗ್ ತೆಗೆದ ಮೇಲೂ ಉಳಿದಿರಬಹುದು. ನಿಮ್ಮ ಹತ್ತಿರ ಈಗ ಇರೋದು ಯಾವ ಮಾಡೆಲ್ ಅಂತ ಕಾಮೆಂಟಿನಲ್ಲಿ ಹಾಕಿ, ಅದರ ರಿಪೋರ್ಟ್ ಸಿಕ್ಕರೆ ಲಿಂಕ್ ಹಾಕ್ತೀನಿ.