ಸಿಟಿ ಟೂರಿನ ದಾರಿಯಲ್ಲಿ ಗೆಟ್ಟೋ: ನೋಡಬೇಕಾ, ಬಿಡಬೇಕಾ?

ಯುರೋಪ್ ಟೂರ್ ಹೊರಟ ನಮ್ಮ ಕಡೆಯವರು ರೋಮ್, ವೆನಿಸ್, ಫ್ಲಾರೆನ್ಸ್ ನೋಡದೆ ಬರುವುದು ಕಡಿಮೆ. ಮೂರೂ ಊರುಗಳಲ್ಲಿ ಒಂದು ಕಾಲಕ್ಕೆ ಯಹೂದಿಗಳನ್ನು ಕೂಡಿಹಾಕಿದ ಕೇರಿ ಇತ್ತು. ರಾತ್ರಿಯಾದರೆ ಅದರ ಬಾಗಿಲಿಗೆ ಬೀಗ ಬೀಳುತ್ತಿತ್ತು. ಅದೇ ಗೆಟ್ಟೋ. ಗೈಡ್ ಹಿಂದೆ ನಡೆದು ಒಂದೆರಡು ದಿನದಲ್ಲಿ ಊರು ನೋಡಿ ಮುಗಿಸುವವರ ದಾರಿಯಲ್ಲಿ ಈ ಕೇರಿಯೂ ಒಂದು ಸ್ಟಾಪ್ ಆಗಬೇಕಾ? ಎರಡು ಅಭಿಪ್ರಾಯಗಳು ಇಲ್ಲಿವೆ.

ಪರ: ಪಕ್ಕದಲ್ಲೇ ಇದೆ, ತೋರಿಸದೆ ಬಿಡಬಾರದು

ರೋಮ್‌ನ ಗೆಟ್ಟೋ ನೋಡಲು ಹೋದವರ ಕಣ್ಣಿಗೆ ಗೆಟ್ಟೋ ಬೀಳುವುದೇ ಇಲ್ಲ. 1880ರ ದಶಕದಲ್ಲಿ ಅದನ್ನು ಹೆಚ್ಚುಕಡಿಮೆ ಪೂರ್ತಿ ಕೆಡವಿಬಿಟ್ಟರು. ಟೈಬರ್ ನದಿಗೆ ಎತ್ತರದ ದಂಡೆ ಬಂತು. ಈಗ ಅಲ್ಲಿರುವುದು ನೇರವಾದ ರಸ್ತೆಗಳು, ಗಟ್ಟಿಮುಟ್ಟಾದ ಕಟ್ಟಡಗಳು, ರಸ್ತೆ ಬದಿಗೇ ಟೇಬಲ್ ಹಾಕಿದ ಹೋಟೆಲುಗಳು. ಆರ್ಟಿಚೋಕ್ ಮೊಗ್ಗನ್ನು ಇಡಿಯಾಗಿ ಎಣ್ಣೆಯಲ್ಲಿ ಗರಿಗರಿಯಾಗಿ ಕರಿದು ಕೊಡುತ್ತಾರೆ. ರೋಮ್‌ನ ಯಹೂದಿಗಳ ಹೆಸರಿನಲ್ಲೇ ಪ್ರಸಿದ್ಧವಾದ ತಿಂಡಿ ಅದು. ಏನೂ ಗೊತ್ತಿಲ್ಲದೆ ಹೋದವರು ಅದನ್ನು ತಿಂದು, ನಾಲ್ಕು ಫೋಟೋ ತೆಗೆದುಕೊಂಡು, ಒಳ್ಳೆಯ ಊಟದ ಬೀದಿ ಅಂದುಕೊಂಡು ವಾಪಸ್ ಬರುತ್ತಾರೆ. ಅವರದೇನೂ ತಪ್ಪಿಲ್ಲ. ಹೇಳುವವರು ಯಾರೂ ಇರಲಿಲ್ಲ, ಅಷ್ಟೇ.

ಗೈಡ್ ಜೊತೆಗಿದ್ದರೆ ಅದೇ ಬೀದಿ ಬೇರೆಯೇ ಆಗುತ್ತದೆ. 1555ರ ಜುಲೈ 14ರಂದು, ಆಗ ರೋಮ್ ಆಳುತ್ತಿದ್ದ ಪೋಪ್ ನಾಲ್ಕನೇ ಪಾಲ್ ಒಂದು ಆಜ್ಞೆ ಹೊರಡಿಸಿದರು. ಯಹೂದಿಗಳೆಲ್ಲ ಇನ್ನು ಮುಂದೆ ಗೋಡೆಯೊಳಗೆ, ನದಿಯ ಮಗ್ಗುಲಲ್ಲಿ ಇರಬೇಕು. ಮನೆ, ಜಮೀನು ಅವರ ಹೆಸರಿನಲ್ಲಿ ಇರುವಂತಿಲ್ಲ. ಗಂಡಸರು ಹಳದಿ ಟೋಪಿ ಹಾಕಬೇಕು, ಹೆಂಗಸರು ಹಳದಿ ಬಟ್ಟೆ ಹೊದೆಯಬೇಕು. ವ್ಯಾಪಾರ ಅಂದರೆ ಹಳೇ ಬಟ್ಟೆ, ಚಿಂದಿ ಮಾರುವುದು. ನದಿ ಉಕ್ಕಿದಾಗಲೆಲ್ಲ ಮೊದಲು ನೀರು ನುಗ್ಗುತ್ತಿದ್ದದ್ದು ಇವರ ಮನೆಗಳಿಗೇ. ಒಂದಕ್ಕಿಂತ ಜಾಸ್ತಿ ಸಿನಗಾಗ್, ಅಂದರೆ ಯಹೂದಿಗಳ ಪ್ರಾರ್ಥನಾ ಮಂದಿರ, ಕಟ್ಟುವಂತಿರಲಿಲ್ಲ. ಹಾಗಾಗಿ ಬೇರೆ ಬೇರೆ ಪದ್ಧತಿಯ ಐದು ಗುಂಪುಗಳು ಒಂದೇ ಚಾವಣಿಯ ಕೆಳಗೆ ಐದು ಪ್ರಾರ್ಥನಾ ಕೋಣೆ ಮಾಡಿಕೊಂಡವು. ಹೀಗೆ 300 ವರ್ಷಕ್ಕೂ ಜಾಸ್ತಿ ನಡೆಯಿತು. ಗೋಡೆ ಬಿದ್ದದ್ದು 1848ರಲ್ಲಿ. ಪೋಪ್ ಆಡಳಿತ ಕೊನೆಯಾಗಿ ರೋಮ್ ಇಟಲಿಗೆ ಸೇರಿದ್ದು 1870ರಲ್ಲಿ. ಆಮೇಲೆಯೇ ಇವರಿಗೆ ಎಲ್ಲರಂತೆ ಪೂರ್ತಿ ಹಕ್ಕು ಸಿಕ್ಕಿದ್ದು.

ಇದು ಗೊತ್ತಾದ ಮೇಲೆ ನದಿ ಪಕ್ಕದ ದೊಡ್ಡ ಸಿನಗಾಗ್ ಯಾಕೆ ಅಷ್ಟು ಎತ್ತರವಾಗಿದೆ ಅಂತ ತಾನಾಗಿಯೇ ಹೊಳೆಯುತ್ತದೆ. ಅದನ್ನು ಕಟ್ಟಿ ಮುಗಿಸಿದ್ದು 1904ರಲ್ಲಿ. ದುಂಡು ಗುಮ್ಮಟಗಳ ಆ ಊರಿನಲ್ಲಿ ಇದರ ಗುಮ್ಮಟ ಚೌಕ. ದೂರದಿಂದಲೇ ಗುರುತು ಸಿಗುತ್ತದೆ. ಎದುರಿಗೆ ಒಂದು ಸಣ್ಣ ಚರ್ಚ್ ಇದೆ. ಅದರ ಮುಂಬಾಗಿಲ ಮೇಲೆ ಹೀಬ್ರೂ ಮತ್ತು ಲ್ಯಾಟಿನ್‌ನಲ್ಲಿ ಯೆಶಾಯನ ಗ್ರಂಥದ ಮಾತು ಬರೆದಿದೆ. ಹೇಳಿದ ಮಾತು ಕೇಳದ ಜನರ ಕಡೆಗೆ ದಿನವಿಡೀ ಕೈಚಾಚಿದೆ ಅನ್ನುವುದು ಅದರ ಅರ್ಥ. ಯಹೂದಿಗಳದೇ ಗ್ರಂಥದ ಮಾತನ್ನು ಅವರ ಕೇರಿಗೆ ಮುಖ ಮಾಡಿ ಅವರಿಗೇ ತಿರುಗಿಸಿ ಬರೆದದ್ದು. ಮತ ಬದಲಿಸಿ ಅನ್ನುವ ಉಪದೇಶ ಕೇಳಲು ಅವರನ್ನು ಬಲವಂತವಾಗಿ ಚರ್ಚಿಗೆ ಕರೆತರುತ್ತಿದ್ದ ಕಾಲ ಅದು. ಒಬ್ಬರೇ ಹೋದರೆ ಆ ಅಕ್ಷರಗಳ ಕೆಳಗೇ ನಡೆದುಹೋಗಿಬಿಡುತ್ತೀರಿ.

ಆಮೇಲೆ 1943. ಸೆಪ್ಟೆಂಬರ್ ಕೊನೆಯಲ್ಲಿ ನಾಜಿ ಅಧಿಕಾರಿ ಹರ್ಬರ್ಟ್ ಕಾಪ್ಲರ್ ಯಹೂದಿ ಮುಖಂಡರನ್ನು ಕರೆಸಿದ. 36 ಗಂಟೆಯೊಳಗೆ 50 ಕಿಲೋ ಚಿನ್ನ ತಂದುಕೊಡಿ, ಇಲ್ಲದಿದ್ದರೆ 200 ಜನರನ್ನು ಸಾಗಿಸುತ್ತೇವೆ ಅಂದ. ಜನ ಸಿನಗಾಗಿಗೆ ಬಂದು ಮದುವೆ ಉಂಗುರ, ಸರ, ಕೈಯಲ್ಲಿದ್ದದ್ದೆಲ್ಲ ಬಿಚ್ಚಿ ಕೊಟ್ಟರು. ಯಹೂದಿಗಳಲ್ಲದವರೂ ಬಂದು ಕೊಟ್ಟರು. ಚಿನ್ನ ತಲುಪಿತು. ಮೂರು ವಾರ ತುಂಬುವ ಮೊದಲೇ, ಅಕ್ಟೋಬರ್ 16ರ ಶನಿವಾರ ಬೆಳಗಿನ ಜಾವ, ಸೈನಿಕರು ಮನೆಮನೆಯ ಬಾಗಿಲು ತಟ್ಟಿದರು. ಊರಿನಾದ್ಯಂತ 1,200ಕ್ಕೂ ಜಾಸ್ತಿ ಜನರನ್ನು ಹಿಡಿದರು. ಎರಡು ದಿನದ ಮೇಲೆ ಸಾವಿರಕ್ಕೂ ಹೆಚ್ಚು ಜನರನ್ನು ರೈಲಿಗೆ ತುಂಬಿ ನಾಜಿಗಳ ಸಾವಿನ ಶಿಬಿರ ಆಶ್ವಿಟ್ಜ್‌ಗೆ ಕಳಿಸಿದರು. ವಾಪಸ್ ಬಂದವರು 16 ಜನ. ಅವರಲ್ಲಿ ಹೆಂಗಸು ಒಬ್ಬರೇ. ಗೆಟ್ಟೋದಲ್ಲೇ ಇರುವ ಪೋರ್ಟಿಕೋ ದ'ಒತ್ತಾವಿಯಾದ ಹಳೇ ಕಂಬಗಳ ಮುಂದಿನ ಜಾಗಕ್ಕೆ ಈಗ ಆ ತಾರೀಖಿನದೇ ಹೆಸರು.

ಇನ್ನು ದೂರದ ಮಾತು. ಕೊಲೋಸಿಯಂ ನೋಡದ ಟೂರ್ ಇಲ್ಲ. ಅದರ ಪಕ್ಕದಲ್ಲೇ ಟೈಟಸ್‌ನ ಕಮಾನು ಇದೆ. ಜೆರುಸಲೆಮ್ ದೇವಾಲಯವನ್ನು ಕ್ರಿ.ಶ. 70ರಲ್ಲಿ ಸುಟ್ಟು, ಅಲ್ಲಿನ ಏಳು ಕವಲಿನ ದೀಪಸ್ತಂಭವನ್ನು ರೋಮನ್ನರು ಹೊತ್ತು ತರುತ್ತಿರುವ ಕೆತ್ತನೆ ಅದರೊಳಗಿದೆ. ಅಲ್ಲಿಂದ ಗೆಟ್ಟೋಗೆ ಸುಮಾರು 20 ನಿಮಿಷದ ನಡಿಗೆ. ಕಥೆಯ ಒಂದು ತುದಿಯನ್ನು ತೋರಿಸಿ, ಅಷ್ಟು ಹತ್ತಿರ ಇರುವ ಇನ್ನೊಂದು ತುದಿಯನ್ನು ಬಿಟ್ಟುಬಿಡುವುದು ಸರಿಯಲ್ಲ ಅಲ್ವಾ?

ವೆನಿಸ್‌ನಲ್ಲಂತೂ ಗೈಡ್ ಇಲ್ಲದೆ ದಾರಿಯೇ ಇಲ್ಲ. ಅಲ್ಲಿನ ಗೆಟ್ಟೋ 1516ರದು. ಜಾಗ ಸಾಲದೆ ಮನೆಗಳು ಏಳೆಂಟು ಅಂತಸ್ತು ಮೇಲೆದ್ದವು. ಒಳಗೆ ಚಾವಣಿ ತಲೆಗೆ ತಾಗುವಷ್ಟು ತಗ್ಗು. ಐದು ಸಿನಗಾಗ್‌ಗಳೂ ಮಾಮೂಲಿ ಮನೆಗಳ ನಡುವೆ, ಮೇಲಿನ ಅಂತಸ್ತುಗಳಲ್ಲಿ ಇವೆ. ಚೌಕದಲ್ಲಿ ನಿಂತವರಿಗೆ ಒಂದು ಕಟ್ಟಡದಲ್ಲಿ ಸಾಲಾಗಿ ಐದು ದೊಡ್ಡ ಕಿಟಕಿ ಕಾಣಬಹುದು. ಅದು 1528ರ ಜರ್ಮನ್ ಯಹೂದಿಗಳ ಸಿನಗಾಗ್ ಅಂತ ಯಾರಾದರೂ ಬೆರಳು ತೋರಿಸಿದರೆ ಮಾತ್ರ ಗೊತ್ತಾಗುತ್ತದೆ. ಒಳಗೆ ಹೋಗುವುದಂತೂ ಅಲ್ಲಿನ ಯಹೂದಿ ಮ್ಯೂಸಿಯಂನ ಗೈಡ್ ಜೊತೆ ಮಾತ್ರ.

ಪ್ರತ್ಯೇಕವಾಗಿ, ಪುರುಸೊತ್ತಿನಲ್ಲಿ ನೋಡಬೇಕು ಅನ್ನುವವರಿದ್ದಾರೆ. ಹೇಳುವುದು ಸುಲಭ. ಸಾಲ ಮಾಡಿ, ರಜಾ ಹೊಂದಿಸಿ, ಜೀವನದಲ್ಲಿ ಒಮ್ಮೆ ಯುರೋಪ್ ನೋಡುವ ಕುಟುಂಬಕ್ಕೆ ರೋಮ್‌ನಲ್ಲಿ ಸಿಗುವುದು ಒಂದೂವರೆ ದಿನ. ಅವರ ಮಟ್ಟಿಗೆ ಪಟ್ಟಿಯಲ್ಲಿ ಇಲ್ಲದ್ದು ಜಗತ್ತಿನಲ್ಲೇ ಇಲ್ಲ. ಸತ್ತವರು ಕೊನೆಯದಾಗಿ ಇದ್ದ ಮನೆಯ ಮುಂದೆ, ಅವರ ಹೆಸರಿನ ಹಿತ್ತಾಳೆ ಬಿಲ್ಲೆಗಳನ್ನು ರೋಮ್‌ನ ಬೀದಿಯಲ್ಲಿ ಹೂತಿದ್ದಾರೆ. 2018ರ ಡಿಸೆಂಬರ್‌ನಲ್ಲಿ ಮೊಂತಿ ಬಡಾವಣೆಯ ಒಂದು ಮನೆಯ ಮುಂದಿನ 20 ಬಿಲ್ಲೆಗಳನ್ನು ಯಾರೋ ರಾತ್ರೋರಾತ್ರಿ ಕಿತ್ತುಕೊಂಡು ಹೋದರು. ಇದು ಮುಗಿದ ಕಥೆ ಅಲ್ಲ. ಮರೆಸಬೇಕು ಅನ್ನುವವರು ಇರುವಾಗ, ಅರ್ಧ ಗಂಟೆಯಾದರೂ ನಿಂತು ಕೇಳಿ ಹೋಗುವ ಜನ ಬೇಕು.

ವಿರೋಧ: ಬೇರೆ ದಿನ ಹೋಗಿ, ಅಲ್ಲಿಯವರ ಜೊತೆ ಹೋಗಿ

ಗೈಡ್ ಬೇಡ ಅನ್ನುವುದು ನನ್ನ ವಾದ ಅಲ್ಲ. ಗೈಡ್ ಬೇಕೇ ಬೇಕು. ನನ್ನ ತಕರಾರು ಆ ಅರ್ಧ ಗಂಟೆಯ ಬಗ್ಗೆ.

ಅಷ್ಟು ಹೊತ್ತಿನಲ್ಲಿ ಹೇಳಲು ಆಗುವುದು ಎರಡೇ ಮಾತು. ಕೂಡಿಹಾಕಿದರು, ಆಮೇಲೆ ಕೊಂದರು. ಕೇಳಿದವರ ಮನಸ್ಸಿನಲ್ಲಿ ಯಹೂದಿ ಅಂದರೆ ಹೊಡೆತ ತಿಂದವನು ಅನ್ನುವ ಒಂದೇ ಚಿತ್ರ ಉಳಿಯುತ್ತದೆ. ಅವರು ಏನು ಮಾಡಿದರು, ಏನು ಓದಿದರು, ಏನು ಬರೆದರು ಅನ್ನುವುದು ಬರುವುದೇ ಇಲ್ಲ. ರೋಮ್‌ನಲ್ಲಿ ಯಹೂದಿಗಳು ಕ್ರಿಸ್ತ ಹುಟ್ಟುವ ಮೊದಲೇ ಇದ್ದರು. ಪೋಪ್‌ಗಳಿಗಿಂತ ಹಳಬರು. ಊರಾಚೆ ಓಸ್ತಿಯಾದ ಹಳೇ ಬಂದರಿನಲ್ಲಿ ಅವರ ಸಿನಗಾಗ್‌ನ ಅವಶೇಷ 1961ರಲ್ಲಿ ಸಿಕ್ಕಿತು. ಯುರೋಪಿನ ಅತ್ಯಂತ ಹಳೆಯವುಗಳಲ್ಲಿ ಅದೂ ಒಂದು. ಗೋಡೆಯ ಕಥೆ ಶುರುವಾಗುವ ಮೊದಲೇ ಇವರು ಈ ಊರಿನಲ್ಲಿ ಸಾವಿರದ ಐನೂರು ವರ್ಷ ಬಾಳಿದ್ದರು. ಸ್ಟಾಪ್‌ನಲ್ಲಿ ನಿಂತು ಕೇಳುವವರಿಗೆ ಅದು ಒಂದು ಸಾಲು.

ವೆನಿಸ್ ಬಗ್ಗೆ ಹೇಳಲು ಇನ್ನೂ ಜಾಸ್ತಿ ಇದೆ. ಯಹೂದಿಗಳ ಧರ್ಮಶಾಸ್ತ್ರ ಗ್ರಂಥ ತಾಲ್ಮುದ್ ಪೂರ್ತಿಯಾಗಿ ಮೊದಲ ಸಲ ಅಚ್ಚಾದದ್ದು ಅಲ್ಲಿ, 1520ರಿಂದ 1523ರ ನಡುವೆ. ಅಚ್ಚು ಹಾಕಿದ್ದು ಡೇನಿಯಲ್ ಬೊಂಬೆರ್ಗ್ ಅನ್ನುವ ಕ್ರೈಸ್ತ. ತಾಲ್ಮುದ್‌ನ ಪುಟದ ಅಂಕಿ, ಮೂಲದ ಸುತ್ತ ವ್ಯಾಖ್ಯಾನ ಇಡುವ ಕ್ರಮ, ಎರಡೂ ಅವನ ಮುದ್ರಣದಿಂದಲೇ ನೆಲೆಯಾದವು. ಇವತ್ತಿಗೂ ಹಾಗೆಯೇ ಓದುತ್ತಾರೆ. ಅದಾಗಿ 30 ವರ್ಷಕ್ಕೆ, 1553ರಲ್ಲಿ, ರೋಮ್‌ನ ಕಾಂಪೋ ದೇ ಫಿಯೋರಿಯಲ್ಲಿ ತಾಲ್ಮುದ್ ಪ್ರತಿಗಳನ್ನು ರಾಶಿ ಹಾಕಿ ಸುಟ್ಟರು. ಸ್ವಲ್ಪ ದಿನಕ್ಕೆ ವೆನಿಸ್‌ನಲ್ಲೂ ಸುಟ್ಟರು. ಅದೇ ವೆನಿಸ್ ಗೆಟ್ಟೋದಲ್ಲಿ ಸಾರಾ ಕೋಪಿಯಾ ಸುಲ್ಲಾಂ ಅನ್ನುವ ಕವಯಿತ್ರಿ ಇದ್ದಳು. ಅವಳ ಮನೆಗೆ ಕ್ರೈಸ್ತ ಪಂಡಿತರೂ ಬಂದು ಚರ್ಚೆ ಮಾಡುತ್ತಿದ್ದರು. ಆತ್ಮಕ್ಕೆ ಸಾವಿಲ್ಲ ಅನ್ನುವುದನ್ನು ಇವಳು ನಂಬುವುದಿಲ್ಲ ಅಂತ ಆರೋಪ ಬಂದಾಗ, 1621ರಲ್ಲಿ ತಾನೇ ಉತ್ತರ ಬರೆದು ಅಚ್ಚು ಹಾಕಿಸಿದಳು. 400 ವರ್ಷದ ಹಿಂದೆ, ಬೀಗ ಹಾಕಿದ ಕೇರಿಯೊಳಗಿದ್ದ ಒಬ್ಬ ಹೆಂಗಸು! ನನಗೆ ಆ ಚೌಕದ ಬಗ್ಗೆ ಗೊತ್ತಿರುವ ಸಂಗತಿಗಳಲ್ಲಿ ಅತ್ಯಂತ ಇಷ್ಟವಾದದ್ದು ಇದು. ಇದನ್ನು ಹೇಳಲು, ಕೇಳಿ ಅರಗಿಸಿಕೊಳ್ಳಲು ಹೊತ್ತು ಬೇಕು.

ಅವಸರದ ಕಥೆಗೆ ಇನ್ನೊಂದು ದೋಷ ಇದೆ. ಕೆಟ್ಟವರು ಹೊರಗಿನಿಂದ ಬಂದರು, ಹಿಡಿದುಕೊಂಡು ಹೋದರು ಅಂತ ಅದು ಮುಗಿದುಬಿಡುತ್ತದೆ. ಇಟಲಿಯ ಪಾಲು ಅಲ್ಲಿ ಸಿಗುವುದಿಲ್ಲ. ಯಹೂದಿ ಮಕ್ಕಳನ್ನು ಶಾಲೆಯಿಂದ, ಮೇಷ್ಟ್ರುಗಳನ್ನು ಕೆಲಸದಿಂದ ಹೊರಹಾಕುವ ಕಾನೂನನ್ನು ಮುಸ್ಸೊಲಿನಿ ಸರ್ಕಾರ 1938ರಲ್ಲೇ ಮಾಡಿತ್ತು. ವೆನಿಸ್‌ನಲ್ಲಿ 1943ರ ಡಿಸೆಂಬರ್ ಮೊದಲ ವಾರ ಯಹೂದಿಗಳನ್ನು ಬಂಧಿಸಿದ್ದು ಇಟಲಿಯದೇ ಪೊಲೀಸರು. ಅದಕ್ಕೂ ಮೊದಲು, ಸೆಪ್ಟೆಂಬರ್‌ನಲ್ಲಿ, ಅಲ್ಲಿನ ಯಹೂದಿ ಸಮುದಾಯದ ಮುಖ್ಯಸ್ಥರಾಗಿದ್ದ ವೈದ್ಯ ಜುಸೆಪ್ಪೆ ಯೋನಾ ತಾವೇ ಪ್ರಾಣ ಕಳೆದುಕೊಂಡರು. ತಮ್ಮ ಜನರ ಪಟ್ಟಿ ನಾಜಿಗಳ ಕೈಗೆ ಸಿಗಬಾರದು ಅಂತ ಆ ದಾರಿ ಹಿಡಿದವರು ಅಂತ ವೆನಿಸ್ ಅವರನ್ನು ನೆನೆಯುತ್ತದೆ. ಚೌಕದಲ್ಲೇ ಅವರ ಹೆಸರಿನ ಫಲಕ ಇದೆ. ಅದರ ಮುಂದೆ ಒಂದೈದು ನಿಮಿಷ ಸುಮ್ನೆ ನಿಲ್ಲುವಷ್ಟು ಪುರುಸೊತ್ತು ಗುಂಪಿಗೆ ಇರುವುದಿಲ್ಲ.

ನನಗೆ ಎಲ್ಲಕ್ಕಿಂತ ದೊಡ್ಡದಾಗಿ ಕಾಣುವುದು ಮಾತ್ರ ಬೇರೆ. ಕೊಲೋಸಿಯಂನಲ್ಲಿ ಯಾರೂ ವಾಸ ಮಾಡುತ್ತಿಲ್ಲ. ಗೆಟ್ಟೋದಲ್ಲಿ ಇವತ್ತಿಗೂ ಜನ ಇದ್ದಾರೆ. ರೋಮ್‌ನ ಆ ಬೀದಿಯಲ್ಲಿ ಯಹೂದಿ ಶಾಲೆ ಇದೆ. ಮಕ್ಕಳು ಬಂದುಹೋಗುತ್ತಾರೆ, ವಯಸ್ಸಾದವರು ಬೆಂಚಿನ ಮೇಲೆ ಕೂತು ಹರಟುತ್ತಾರೆ. ಸಿನಗಾಗ್ ಬಾಗಿಲಲ್ಲಿ ಬಂದೂಕು ಹಿಡಿದ ಕಾವಲು ಇರುತ್ತದೆ. ಅದಕ್ಕೆ ಕಾರಣ ಇದೆ. 1982ರ ಅಕ್ಟೋಬರ್ 9ರಂದು ಪ್ರಾರ್ಥನೆ ಮುಗಿಸಿ ಹೊರಬರುತ್ತಿದ್ದವರ ಮೇಲೆ ಬಂದೂಕುಧಾರಿಗಳು ಗ್ರೆನೇಡ್ ಎಸೆದು ಗುಂಡು ಹಾರಿಸಿದರು. ಎರಡು ವರ್ಷದ ಮಗು ಸತ್ತಿತು. ಹತ್ತಾರು ಜನರಿಗೆ ಗಾಯವಾಯಿತು. ಅದನ್ನು ಕಣ್ಣಾರೆ ಕಂಡವರು ಇನ್ನೂ ಅಲ್ಲಿದ್ದಾರೆ. ಅವರ ಮನೆಬಾಗಿಲಲ್ಲಿ ಗುಂಪು ಗುಂಪಾಗಿ ನಿಂತು, ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು, ಮೊಬೈಲ್ ಎತ್ತಿ ಹಿಡಿಯುವುದು ಹೇಗೆ ಕಾಣಬಹುದು? ವೆನಿಸ್‌ನಲ್ಲಿ ಸಮುದಾಯ ಇನ್ನೂ ಚಿಕ್ಕದು, ಉಳಿದಿರುವವರು ಕೆಲವೇ ನೂರು. ಪ್ರವಾಸಿಗಳ ಕಾಟ ತಡೆಯಲಾರದೆ ಆ ಊರು 2024ರಲ್ಲಿ ಒಂದು ಗುಂಪಿಗೆ 25 ಜನರ ಮಿತಿ ಹಾಕಿ, ಗೈಡ್‌ಗಳು ಧ್ವನಿವರ್ಧಕ ಬಳಸುವುದನ್ನೇ ನಿಲ್ಲಿಸಿತು.

ಪ್ಯಾಕೇಜ್ ಟೂರಿನ ಪಟ್ಟಿಗೆ ಶನಿವಾರ ಅನ್ನುವುದು ಗೊತ್ತಿಲ್ಲ. ಅವತ್ತು ಯಹೂದಿಗಳಿಗೆ ವಿಶ್ರಾಂತಿ ದಿನ, ಅದು ಶುಕ್ರವಾರ ಸಂಜೆಗೇ ಶುರು. ಮ್ಯೂಸಿಯಂ ಮುಚ್ಚಿರುತ್ತದೆ, ಯಹೂದಿ ಧರ್ಮದ ನಿಯಮದಂತೆ ಅಡುಗೆ ಮಾಡುವ ಕೋಷರ್ ಹೋಟೆಲುಗಳ ಬಾಗಿಲು ಹಾಕಿರುತ್ತದೆ, ಜನ ಪ್ರಾರ್ಥನೆಗೆ ಹೋಗುತ್ತಿರುತ್ತಾರೆ. ನಿಮ್ಮ ಬಸ್ಸು ರೋಮ್ ಮುಟ್ಟಿದ್ದು ಶನಿವಾರ ಅಂತಾದರೆ ನೋಡಲು ಸಿಗುವುದು ಮುಚ್ಚಿದ ಬಾಗಿಲು ಮಾತ್ರ.

ಪರ ಬರೆದವರು ಎತ್ತಿದ ಸಮಯದ ಪ್ರಶ್ನೆ ಖಂಡಿತ ನಿಜ. ಹಾಗಂತ ಎಲ್ಲದರಲ್ಲೂ ಚೂರು ಚೂರು ಸೇರಿಸುವುದು ಪರಿಹಾರ ಅಲ್ಲ. 16 ಜನ ಮಾತ್ರ ವಾಪಸ್ ಬಂದರು ಅಂತ ಕೇಳಿದ ಹತ್ತು ನಿಮಿಷಕ್ಕೆ ಟ್ರೆವಿ ಕಾರಂಜಿಗೆ ನಾಣ್ಯ ಎಸೆಯಲು ಓಡಬೇಕಾದರೆ, ಕೇಳಿದ್ದು ಎಲ್ಲಿ ಇಳಿಯಬೇಕು? ಮೂರು ಊರಿನಲ್ಲೂ ಇಣುಕುವ ಬದಲು ಒಂದನ್ನು ಆರಿಸಿಕೊಳ್ಳಿ. ಆ ಊರಿನಲ್ಲಿ ಬೇರೆ ಒಂದು ಜಾಗ ಕೈಬಿಡಿ, ಅರ್ಧ ದಿನ ಎತ್ತಿಡಿ. ಫ್ಲಾರೆನ್ಸ್ ಆದರೆ ಹಳೇ ಗೆಟ್ಟೋ ಹುಡುಕಬೇಡಿ, ಅದನ್ನು ಕೆಡವಿ ದೊಡ್ಡ ಚೌಕ ಮಾಡಿದ್ದಾರೆ. 1882ರಲ್ಲಿ ತೆರೆದ, ಹಸಿರು ಗುಮ್ಮಟದ ಸಿನಗಾಗಿಗೆ ಹೋಗಿ. ರೋಮ್ ಆದರೆ ಸಿನಗಾಗ್ ಕಟ್ಟಡದಲ್ಲೇ ಇರುವ ಯಹೂದಿ ಮ್ಯೂಸಿಯಂನಿಂದ ಶುರುಮಾಡಿ. ನನ್ನನ್ನು ಕೇಳಿದರೆ ವೆನಿಸ್ ಎಲ್ಲಕ್ಕಿಂತ ಒಳ್ಳೆಯದು. ಅಲ್ಲಿ ಹಳೇ ಮನೆಗಳು, ಹಳೇ ಸಿನಗಾಗ್‌ಗಳು ಇನ್ನೂ ನಿಂತಿವೆ, ರೈಲ್ವೆ ಸ್ಟೇಷನ್‌ನಿಂದ ನಡೆದೇ ಹೋಗಬಹುದು. ಶುಕ್ರವಾರ ಸಂಜೆ, ಶನಿವಾರ ಬೇಡ. ರಿಪೇರಿ ಕೆಲಸ ನಡೆಯುತ್ತಿರಬಹುದು, ಯಾವ ಸಿನಗಾಗ್ ತೆರೆದಿದೆ ಅಂತ ಮೊದಲೇ ವಿಚಾರಿಸಿಕೊಳ್ಳಿ. ಮ್ಯೂಸಿಯಂ ಕೊಡುವ ಗೈಡ್ ಜೊತೆಗೇ ಮೆಟ್ಟಿಲು ಹತ್ತಿ, ಟಿಕೆಟ್ ದುಡ್ಡು ಆ ಕಟ್ಟಡಗಳ ದುರಸ್ತಿಗೂ ನೆರವಾಗುತ್ತದೆ.